ತಪ್ಪಾದ ಮೇಲಿನ ಹತ್ತು ನಿಮಿಷ

ಗ್ರಾಹಕರಿಗೆ 2,40,000 ರೂಪಾಯಿಯ ಕೊಟೇಶನ್ ಹೋಗಿದೆ. ಅದರಲ್ಲಿ ಶೇ. 18ರ ಜಿಎಸ್‌ಟಿ, ಅಂದರೆ 43,200 ರೂಪಾಯಿ, ಸೇರಿಸುವುದು ಬಿಟ್ಟುಹೋಗಿದೆ. ಸರಿಪಡಿಸಲು ಬೇಕಾದದ್ದು ಒಂದು ಫೋನ್, ತಿದ್ದಿದ ಒಂದು ಪಿಡಿಎಫ್. ಆದರೆ ತಪ್ಪು ಕಣ್ಣಿಗೆ ಬಿದ್ದದ್ದು ಬೆಳಿಗ್ಗೆ ಹನ್ನೊಂದಕ್ಕೆ, ಫೋನ್ ಹೋಗುವುದು ಸಂಜೆ ಐದಕ್ಕೆ. ನಡುವಿನ ಆರು ಗಂಟೆ ‘ಥೂ, ನನ್ನ ಬುದ್ಧಿಗಿಷ್ಟು’ ಎಂದು ತನ್ನನ್ನೇ ಬೈದುಕೊಳ್ಳುವುದರಲ್ಲಿ ಕಳೆದಿರುತ್ತದೆ. ಆಪ್ತಸಮಾಲೋಚನೆಗೆ ಬರುವ ನೌಕರರಲ್ಲಿ ಇದು ಮತ್ತೆ ಮತ್ತೆ ಕಾಣುವ ಸಂಗತಿ. ಬೈದುಕೊಂಡವರು ಬೇಗ ತಿದ್ದಿಕೊಳ್ಳುತ್ತಾರೆ ಎಂಬುದು ನಂಬಿಕೆ. ನಿಜದಲ್ಲಿ ಹೆಚ್ಚಿನವರು ಮುಚ್ಚಿಡುತ್ತಾರೆ.

ಇದಕ್ಕೆ ಕಾರಣ ದೇಹದಲ್ಲಿದೆ. ಮೇಲಧಿಕಾರಿ ಗದರಿದಾಗ ಎಚ್ಚರಗೊಳ್ಳುವ ಅಪಾಯದ ವ್ಯವಸ್ಥೆ, ನಮ್ಮನ್ನು ನಾವೇ ಗದರಿಕೊಂಡಾಗಲೂ ಎಚ್ಚರಗೊಳ್ಳುತ್ತದೆ ಎಂದು ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಪಾಲ್ ಗಿಲ್ಬರ್ಟ್ ವಿವರಿಸುತ್ತಾರೆ. ಎದೆಬಡಿತ ಏರುತ್ತದೆ, ಗಮನ ಕಿರಿದಾಗುತ್ತದೆ. ಓಡಿಹೋಗುವುದಕ್ಕೆ ಇದು ಸರಿ, ಎಕ್ಸೆಲ್‌ನಲ್ಲಿ ಯಾವ ಸಾಲು ತಪ್ಪಿತೆಂದು ಹುಡುಕುವುದಕ್ಕಲ್ಲ.

ಹೀಗೆ ಬೈದುಕೊಳ್ಳುವ ಬದಲು ತನ್ನ ಮೇಲೆ ತಾನೇ ಕರುಣೆಯಿಡುವುದಕ್ಕೆ ಸ್ವಕರುಣೆ ಎನ್ನುತ್ತಾರೆ. ಟೆಕ್ಸಾಸ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ 2003ರಲ್ಲಿ ಅದನ್ನು ಅಳೆಯಲು 26 ವಾಕ್ಯಗಳ ಪ್ರಶ್ನಾವಳಿ ಪ್ರಕಟಿಸಿದರು. ಅವರ ಪ್ರಕಾರ ಸ್ವಕರುಣೆಗೆ ಮೂರು ಅಂಗ: ತನ್ನೊಡನೆ ಸೌಮ್ಯವಾಗಿರುವುದು, ಇಂಥದ್ದು ಎಲ್ಲರಿಂದಲೂ ಆಗುತ್ತದೆಂದು ಕಾಣುವುದು, ನೋವನ್ನು ಹಿಗ್ಗಿಸದೆ ಕುಗ್ಗಿಸದೆ ನೋಡುವುದು. ಕಚೇರಿಗಳಲ್ಲಿ ಮೊದಲು ಕೈತಪ್ಪುವುದು ಎರಡನೆಯದು. ‘ಟೀಮಿನಲ್ಲಿ ನಾನೊಬ್ಬಳೇ ಹೀಗೆ’ ಅನ್ನಿಸತೊಡಗುತ್ತದೆ. ಪಕ್ಕದ ಕುರ್ಚಿಯವರೂ ತಮ್ಮ ತಪ್ಪು ಮುಚ್ಚಿಟ್ಟುಕೊಂಡೇ ಕೂತಿರುತ್ತಾರೆ, ಅದು ಕಾಣುವುದಿಲ್ಲ ಅಷ್ಟೆ.

‘ಹೀಗೆಲ್ಲ ಮುದ್ದು ಮಾಡಿದರೆ ಕೆಲಸ ಮಾಡುವವರು ಯಾರು?’ ಎಂದು ಮ್ಯಾನೇಜರುಗಳು ಕೇಳುವುದುಂಟು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಜೂಲಿಯಾನಾ ಬ್ರೈನ್ಸ್, ಸೆರೆನಾ ಚೆನ್ 2012ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಕಷ್ಟದ ಪರೀಕ್ಷೆಯಲ್ಲಿ ಎಡವಿದ ವಿದ್ಯಾರ್ಥಿಗಳ ಪೈಕಿ ತಮ್ಮ ಮೇಲೆ ಕರುಣೆಯಿಡಲು ಸೂಚನೆ ಪಡೆದವರೇ ಮುಂದಿನ ಪರೀಕ್ಷೆಗೆ ಹೆಚ್ಚು ಹೊತ್ತು ಓದಿದರು. ಹಾಗೆಂದು ಮ್ಯಾನೇಜರುಗಳ ಅನುಮಾನ ಪೂರ್ತಿ ಸುಳ್ಳೂ ಅಲ್ಲ. 2011ರ ಬೇಕರ್ ಮತ್ತು ಮೆಕ್‌ನಲ್ಟಿ ಅಧ್ಯಯನದಲ್ಲಿ, ಮೊದಲೇ ಜವಾಬ್ದಾರಿಯ ಗುಣ ಕಡಿಮೆಯಿದ್ದ ಗಂಡಸರಲ್ಲಿ ಸ್ವಕರುಣೆ ಹೆಚ್ಚಿದ್ದಷ್ಟೂ ಸಂಬಂಧದಲ್ಲಿ ಮಾಡಿದ ತಪ್ಪನ್ನು ತಿದ್ದಿಕೊಳ್ಳುವ ಮನಸ್ಸು ಕಡಿಮೆಯಿತ್ತು. ಆದ್ದರಿಂದ ಮುಂದೆ ಹೇಳುವ ಕ್ರಮದಲ್ಲಿ ಕೊನೆಯ ಹೆಜ್ಜೆಯನ್ನು ಬಿಡುವಂತಿಲ್ಲ.

ಮೊದಲು ಕೀಬೋರ್ಡಿನಿಂದ ಕೈ ತೆಗೆಯಿರಿ. ಎರಡೂ ಪಾದ ನೆಲಕ್ಕೆ ಊರಿ, ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ. ಇಂಥ ಆರು ಉಸಿರಿಗೆ ಸುಮಾರು ಒಂದು ನಿಮಿಷ ಸಾಕು. ಹೊರಬಿಡುವ ಉಸಿರು ಉದ್ದವಿರಬೇಕು. ಅವಸರದಲ್ಲಿ ಜನ ಇದನ್ನೇ ತಿರುಗುಮುರುಗು ಮಾಡುತ್ತಾರೆ. ಆಮೇಲೆ ನಡೆದದ್ದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ‘ಕೊಟೇಶನ್‌ನಲ್ಲಿ ಜಿಎಸ್‌ಟಿ ಸೇರಿಲ್ಲ’ ಎಂದು ಬರೆದರೆ ಆಯಿತು. ‘ನನಗೆ ಗಮನವೇ ಇಲ್ಲ’ ಎಂದು ಬರೆದಿದ್ದರೆ ಹೊಡೆದುಹಾಕಿ. ಅದು ನಡೆದ ಸಂಗತಿಯಲ್ಲ, ತೀರ್ಪು.

ಮೂರನೆಯದಾಗಿ, ಇದೇ ತಪ್ಪು ಮಾಡಿದ ಕಿರಿಯ ಸಹೋದ್ಯೋಗಿಗೆ ಏನು ಹೇಳುತ್ತಿದ್ದಿರೋ ಅದನ್ನು ನಿಮ್ಮ ಹೆಸರು ಹಿಡಿದು ನಿಮಗೇ ಹೇಳಿಕೊಳ್ಳಿ: ‘ಸವಿತಾ, ಗಡಿಬಿಡಿಯಲ್ಲಿ ಕಳಿಸಿದ್ದೀಯ. ಇನ್ನೂ ಆರ್ಡರ್ ಬಂದಿಲ್ಲ, ಸರಿಮಾಡಬಹುದು.’ ಹೆಸರು ಹಿಡಿದು ಮಾತಾಡಿಕೊಂಡರೆ ಸ್ವಲ್ಪ ದೂರ ನಿಂತು ನೋಡಲು ಸಾಧ್ಯವಾಗುತ್ತದೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಈಥನ್ ಕ್ರಾಸ್ ಅವರ ಸಂಶೋಧನೆಗಳು ತೋರಿಸಿವೆ. ಇಲ್ಲಿ ‘ನಾನು ಅದ್ಭುತ, ನಾನು ಸಮರ್ಥೆ’ ಎಂಬ ಮಂತ್ರ ಕೆಲಸ ಮಾಡದು. ಕಷ್ಟದಲ್ಲಿರುವ ಮನಸ್ಸು ಅದನ್ನು ನಂಬುವುದಿಲ್ಲ, ಎದುರುವಾದ ಹೂಡುತ್ತದೆ. ಸಪ್ಪೆಯಾದರೂ ನಿಜವಾದ ಮಾತೇ ಬೇಕು. ಕೊನೆಯ ಹೆಜ್ಜೆ, ಹತ್ತು ನಿಮಿಷದೊಳಗೆ ಆ ಫೋನ್ ಮಾಡುವುದು.

ಕೆಲವರಿಗೆ ಮೂರನೆಯ ಹೆಜ್ಜೆಯಲ್ಲಿ ಗಂಟಲು ಕಟ್ಟುತ್ತದೆ, ಅಳು ಬರುತ್ತದೆ. ಚಿಕ್ಕಂದಿನಲ್ಲಿ ಹೊಡೆತ, ಹೋಲಿಕೆಗಳನ್ನಷ್ಟೇ ಕಂಡವರಿಗೆ ಮೃದುವಾದ ಮಾತು ಹಳೆಯ ನೋವನ್ನು ಎಬ್ಬಿಸುವುದು ಸಾಮಾನ್ಯ. ಹಾಗಾದಾಗ ಮಾತು ನಿಲ್ಲಿಸಿ ಪಾದದ ಕಡೆ ಗಮನ ತನ್ನಿ, ಒಂದು ಲೋಟ ನೀರು ಕುಡಿಯಿರಿ. ಆವತ್ತಿಗೆ ಉಸಿರಾಟವಷ್ಟೇ ಸಾಕು.

ಮನೆಯಲ್ಲಿ ಇದರ ಪರೀಕ್ಷೆ ಆಗುವುದು ಕ್ಷಮೆ ಕೇಳುವಾಗ. ಅತ್ತೆಯ ಎದುರಿಗೆ ಗಂಡನ ಸಂಬಳದ ಮಾತೆತ್ತಿ ಅವನಿಗೆ ಬೇಸರವಾಗಿದೆ ಎಂದಿಟ್ಟುಕೊಳ್ಳಿ. ‘ಹೌದು ಬಿಡಿ, ನಾನೇ ಕೆಟ್ಟವಳು, ನನ್ನನ್ನು ಕಟ್ಟಿಕೊಂಡಿದ್ದೇ ನಿಮ್ಮ ತಪ್ಪು’ ಎಂದರೆ ಕೇಳಲು ಪಶ್ಚಾತ್ತಾಪದಂತಿರುತ್ತದೆ. ಆದರೆ ನೊಂದವನೇ ಈಗ ಸಮಾಧಾನ ಮಾಡಬೇಕು, ಅವನ ನೋವಿನ ಮಾತು ಅಲ್ಲಿಗೇ ಮುಗಿಯಿತು. ತನ್ನನ್ನು ಚಚ್ಚಿಕೊಳ್ಳದವಳು ಹೀಗೆ ಹೇಳಬಲ್ಲಳು: ‘ಅತ್ತೆಯ ಮುಂದೆ ಆ ಮಾತು ಎತ್ತಬಾರದಿತ್ತು. ನಿಮಗೆ ಅವಮಾನವಾಯಿತು. ಇನ್ನು ದುಡ್ಡಿನ ವಿಷಯ ನಾವಿಬ್ಬರೇ ಇದ್ದಾಗ ಮಾತಾಡೋಣ.’ ಮಾಡಿದ್ದೇನು, ನೋವಾದದ್ದೇನು, ಮುಂದೇನು ಎಂಬ ಮೂರೂ ಇದರಲ್ಲಿವೆ, ‘ಆದರೆ ನೀವೂ...’ ಎಂಬುದು ಇಲ್ಲ. ಗಂಡಸರ ಕಥೆ ಬೇರೆಯಲ್ಲ, ಅವರು ಕೆಟ್ಟವನೆಂದು ಕೂಗಿಕೊಳ್ಳುವ ಬದಲು ಎರಡು ದಿನ ಮಾತು ಬಿಡುತ್ತಾರೆ.

ಸ್ವಕರುಣೆಯಲ್ಲಿ ‘ಆಗುವುದಿಲ್ಲ’ ಎನ್ನುವುದೂ ಸೇರಿದೆ. ರಾತ್ರಿ ಹತ್ತಕ್ಕೆ ಬರುವ ಕಚೇರಿಯ ವಾಟ್ಸ್ಯಾಪ್‌ಗೆ ‘ಸರ್, ನೋಡಿದೆ. ಬೆಳಿಗ್ಗೆ 9.30ಕ್ಕೆ ಮಾಡುತ್ತೇನೆ’ ಎಂದಷ್ಟೇ ಬರೆಯಬಹುದು, ಕಾರಣ ವಿವರಿಸಬೇಕಿಲ್ಲ. ಆದರೆ ಮೂವರ ಕೆಲಸವನ್ನು ಒಬ್ಬರ ತಲೆಗೆ ಕಟ್ಟಿರುವ ಕಡೆ ಉಸಿರಾಟ ಕಲಿಸುವುದು ಮೋಸ. ಅಲ್ಲಿ ಬೇಕಾದದ್ದು ಇನ್ನಿಬ್ಬರು ನೌಕರರು. ಇನ್ನು ಬೇಸರ, ನಿದ್ದೆಗೇಡು, ‘ನಾನಿದ್ದು ಪ್ರಯೋಜನವಿಲ್ಲ’ ಎಂಬ ಯೋಚನೆ ಎರಡು ವಾರ ಬಿಡದಿದ್ದರೆ ಇದು ಈ ಅಭ್ಯಾಸದ ವ್ಯಾಪ್ತಿ ಮೀರಿತು. ವೈದ್ಯರನ್ನು ಕಾಣಬೇಕು. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯುವಂತೆಯೇ ಇಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಅಭ್ಯಾಸವನ್ನು ದೊಡ್ಡ ಸೋಲಿನಿಂದ ಆರಂಭಿಸಬೇಡಿ. ಹಾಲು ಉಕ್ಕಿ ಚೆಲ್ಲಿದಾಗ, ಬಸ್ ತಪ್ಪಿದಾಗ, ಮೇಲ್‌ಗೆ ಅಟ್ಯಾಚ್‌ಮೆಂಟ್ ಹಾಕುವುದು ಮರೆತಾಗ ಮಾಡಿ ನೋಡಿ. ಇಂಥವು ದಿನಕ್ಕೆ ಒಂದೆರಡಾದರೂ ಸಿಕ್ಕೇ ಸಿಗುತ್ತವೆ.