ಗಾಲೂತ್: ‘ಸೆರೆ’ ಎಂಬ ಅನುವಾದಕ್ಕೆ ಪೂರ್ತಿ ಸಿಕ್ಕದ ಒಂದು ಪದ

ಕನ್ನಡ ಬೈಬಲನ್ನು ಓದಿದವರಿಗೆ ‘ಬಾಬೆಲಿನ (ಬ್ಯಾಬಿಲೋನಿನ) ಸೆರೆ’ ಎಂಬ ಮಾತು ಪರಿಚಿತವಾದದ್ದು. ಯೆರೂಸಲೇಮ್ ಪಟ್ಟಣ ಶತ್ರುಗಳ ವಶವಾಯಿತು, ದೇವಾಲಯ ಸುಟ್ಟುಹೋಯಿತು, ಯೆಹೂದದ ಜನ ಬಾಬೆಲಿಗೆ ಸೆರೆಹೋದರು ಎಂದು ಓದುತ್ತ ಹೋದಂತೆ ನಮ್ಮ ಮನಸ್ಸಿನಲ್ಲಿ ಕೋಳ, ಸಂಕೋಲೆ, ಕತ್ತಲೆ ಕೋಣೆಗಳ ಚಿತ್ರವೊಂದು ತಾನಾಗಿಯೇ ಮೂಡುತ್ತದೆ. ಆದರೆ ಮೂಲ ಹೀಬ್ರೂವಿನಲ್ಲಿ ಈ ಸಂಗತಿಯನ್ನು ಹೇಳಲು ಹೆಚ್ಚಾಗಿ ಬಳಕೆಯಾಗಿರುವ ‘ಗಾಲೂತ್’ ಮತ್ತು ‘ಗೋಲಾ’ ಎಂಬ ಪದಗಳಲ್ಲಿ ಸೆರೆಮನೆಯ ಅರ್ಥ ಇಲ್ಲ. ಯುದ್ಧದಲ್ಲಿ ಸಿಕ್ಕಿಬಿದ್ದವರ ಸೆರೆಗೆ ಹೀಬ್ರೂವಿನಲ್ಲಿ ‘ಶೆವೀ’ ಎಂಬ ಬೇರೆಯದೇ ಪದವಿದೆ. ಎಜ್ರನ ಗ್ರಂಥದ ಎರಡನೆಯ ಅಧ್ಯಾಯವು ಮರಳಿ ಬಂದವರ ಪಟ್ಟಿಯನ್ನು ಆರಂಭಿಸುವಾಗ ‘ಶೆವೀ ಹಗ್ಗೋಲಾ’ ಎಂದು ಎರಡನ್ನೂ ಒಟ್ಟಿಗೆ ಬಳಸುತ್ತದೆ. ಎರಡು ಪದಗಳ ಅರ್ಥ ಒಂದೇ ಆಗಿದ್ದರೆ ಹೀಗೆ ಜೋಡಿಸುವ ಅಗತ್ಯ ಇರುತ್ತಿರಲಿಲ್ಲ.

ಎರಡೂ ಪದಗಳು ಗ-ಲ-ಹ ಎಂಬ ಧಾತುವಿನಿಂದ ಹುಟ್ಟಿವೆ. ಈ ಧಾತುವಿಗೆ ಎರಡು ಅರ್ಥಗಳಿವೆ: ಮುಚ್ಚಿದ್ದನ್ನು ತೆರೆದು ತೋರಿಸುವುದು ಒಂದು, ಇದ್ದ ನೆಲವನ್ನು ಬಿಟ್ಟುಹೋಗುವುದು ಇನ್ನೊಂದು. ಜನರನ್ನು ಎಬ್ಬಿಸಿದ ಮೇಲೆ ನೆಲ ಬತ್ತಲಾಗಿ ಉಳಿಯುವುದರಿಂದ ಎರಡು ಅರ್ಥಗಳೂ ಒಂದೇ ಬೇರಿನವು ಎಂದು ಕೆಲವು ವಿದ್ವಾಂಸರು ವಿವರಿಸುತ್ತಾರೆ; ಎಲ್ಲರೂ ಇದನ್ನು ಒಪ್ಪುವುದಿಲ್ಲ. ಆದರೆ ಬೈಬಲಿನ ಕವಿಗಳಿಗೆ ಈ ಎರಡರ ನಂಟು ಕಿವಿಗೆ ಕೇಳಿಸುತ್ತಿತ್ತು ಎಂಬುದರಲ್ಲಿ ಸಂಶಯವಿಲ್ಲ. ಪ್ರಲಾಪಗಳ ನಾಲ್ಕನೆಯ ಅಧ್ಯಾಯದ ಕೊನೆಯ ವಚನದಲ್ಲಿ, ಚೀಯೋನನ್ನು, ಅಂದರೆ ಯೆರೂಸಲೇಮನ್ನು, ಇನ್ನು ಮುಂದೆ ನಾಡಿನಿಂದ ಒಯ್ಯಲಾಗದು ಎಂದು ಹೇಳುವ ಕ್ರಿಯಾಪದವೂ, ನೆರೆನಾಡಾದ ಎದೋಮಿನ ಪಾಪಗಳು ಬಯಲಾಗುವವು ಎಂದು ಹೇಳುವ ಕ್ರಿಯಾಪದವೂ ಇದೇ ಧಾತುವಿನವು. ಅನುವಾದದಲ್ಲಿ ಈ ಶ್ಲೇಷೆ ಉಳಿಯುವುದಿಲ್ಲ.

ಹಾಗಾದರೆ ‘ಸೆರೆ’ ಎಲ್ಲಿಂದ ಬಂತು? ಹೀಬ್ರೂ ಗ್ರಂಥಗಳನ್ನು ಗ್ರೀಕಿಗೆ ತಂದವರು ಗಾಲೂತ್ ಇದ್ದ ಕಡೆ ಒಂದೇ ಪದಕ್ಕೆ ಅಂಟಿಕೊಳ್ಳಲಿಲ್ಲ. ಕೆಲವೆಡೆ ‘ಮೆಟೊಯಿಕೆಸಿಯಾ’, ಅಂದರೆ ವಾಸಸ್ಥಳದ ಬದಲಾವಣೆ, ಎಂದು ಬರೆದರು. ಹಲವೆಡೆ ‘ಐಖ್ಮಲೋಸಿಯಾ’ ಎಂದು ಬರೆದರು. ಈ ಎರಡನೆಯದು ಭರ್ಜಿಯ ಮೊನೆಯಲ್ಲಿ ಹಿಡಿದು ತಂದ ಯುದ್ಧಕೈದಿಗಳ ಪದ. ಲ್ಯಾಟಿನ್ ಮತ್ತು ಇಂಗ್ಲಿಷ್ ಅನುವಾದಗಳಲ್ಲೂ ಸೆರೆಯ ಅರ್ಥವೇ ಮೇಲುಗೈ ಪಡೆಯಿತು. 19ನೇ ಶತಮಾನದಲ್ಲಿ ಬಳ್ಳಾರಿಯಲ್ಲಿ ಕೆಲಸ ಮಾಡಿದ ಮಿಷನರಿಗಳು ಬೈಬಲನ್ನು ಕನ್ನಡಕ್ಕೆ ತರುವ ಹೊತ್ತಿಗೆ ಯುರೋಪಿನಲ್ಲಿ ಈ ರೂಢಿ ಗಟ್ಟಿಯಾಗಿತ್ತು. ಕನ್ನಡದ ‘ಸೆರೆ’ ಅಚ್ಚುಕಟ್ಟಾದ ಪದವೇ ಹೌದು. ಆದರೆ ಅದು ಶೆವೀಗೆ ಹೊಂದುವಷ್ಟು ಗಾಲೂತ್‌ಗೆ ಹೊಂದುವುದಿಲ್ಲ.

ಪದದ ಅರ್ಥ ತಿಳಿಯಬೇಕಾದರೆ ಅದು ಹೆಸರಿಸುವ ರಾಜನೀತಿಯನ್ನು ನೋಡಬೇಕು. ಗೆದ್ದ ನಾಡಿನ ಜನರನ್ನು ಎಬ್ಬಿಸಿ ಸಾಮ್ರಾಜ್ಯದ ಮತ್ತೊಂದು ಮೂಲೆಯಲ್ಲಿ ನೆಲೆಗೊಳಿಸುವುದನ್ನು ಅಶ್ಶೂರದ (ಅಸ್ಸೀರಿಯದ) ಅರಸರು ಆಡಳಿತದ ಮಾಮೂಲು ಕ್ರಮವನ್ನಾಗಿ ಮಾಡಿಕೊಂಡಿದ್ದರು. ದಂಗೆಗೆ ಬೇಕಾದ ನಾಯಕರೂ ನೆಲದ ನೆನಪೂ ಇದರಿಂದ ಒಟ್ಟಿಗೇ ಕಡಿದುಹೋಗುತ್ತಿದ್ದವು. ಪಾಳುಬಿದ್ದ ಪ್ರದೇಶಗಳಿಗೆ ದುಡಿಯುವ ಕೈಗಳೂ ದೊರೆಯುತ್ತಿದ್ದವು. ಉತ್ತರದ ಇಸ್ರಾಯೇಲ್ ರಾಜ್ಯಕ್ಕೆ ಆದದ್ದು ಇದೇ. ಕ್ರಿ.ಪೂ. 722ರ ಸುಮಾರಿಗೆ ಅದರ ರಾಜಧಾನಿ ಸಮಾರ್ಯ ಬಿದ್ದಿತು. ಅಶ್ಶೂರದ ಅರಸ ಎರಡನೆಯ ಸರ್ಗೋನನ ಶಾಸನವು ಅಲ್ಲಿಂದ 27,290 ಮಂದಿಯನ್ನು ಒಯ್ದೆನೆಂದು ಹೇಳಿಕೊಳ್ಳುತ್ತದೆ. ಅವರನ್ನು ಗೋಜಾನಿನ ಹಾಬೋರ್ ನದಿಯ ದಂಡೆಯಲ್ಲಿ, ಮೇದ್ಯರ ಊರುಗಳಲ್ಲಿ ಇರಿಸಲಾಯಿತೆಂದೂ, ಬಾಬೆಲ್, ಕೂತಾ, ಹಮಾತ್ ಮೊದಲಾದ ಕಡೆಗಳಿಂದ ಬೇರೆ ಜನರನ್ನು ತಂದು ಸಮಾರ್ಯದಲ್ಲಿ ತುಂಬಲಾಯಿತೆಂದೂ ಅರಸುಗಳ ಎರಡನೆಯ ಗ್ರಂಥ ತಿಳಿಸುತ್ತದೆ. ಹೀಗೆ ಹೋದವರು ಒಂದು ಜನಾಂಗವಾಗಿ ಮರಳಲಿಲ್ಲ. ‘ಕಳೆದುಹೋದ ಹತ್ತು ಕುಲಗಳು’ ಎಂಬ ಕತೆ ಇವರ ಸುತ್ತಲೇ ಬೆಳೆದದ್ದು.

ದಕ್ಷಿಣದ ಯೆಹೂದ ರಾಜ್ಯವು ಕ್ರಿ.ಪೂ. 701ರಲ್ಲಿ ಅಶ್ಶೂರದ ಅರಸ ಸನ್ಹೇರೀಬನ ದಾಳಿಯಿಂದ ಹೇಗೋ ಉಳಿದುಕೊಂಡಿತು. ಅಂದು ಲಾಕೀಷ್ ಪಟ್ಟಣದ ಜನ ಎತ್ತಿನ ಗಾಡಿಗಳಲ್ಲಿ ಗಂಟುಮೂಟೆ ಹೇರಿಕೊಂಡು, ಹೆಂಗಸರು ಮಕ್ಕಳೊಡನೆ ಸಾಲಾಗಿ ಹೊರಟ ದೃಶ್ಯವನ್ನು ಅಶ್ಶೂರದ ರಾಜಧಾನಿ ನಿನೆವೆಯ ಅರಮನೆಯ ಗೋಡೆಯ ಕಲ್ಲಿನಲ್ಲಿ ಕೆತ್ತಿಸಲಾಯಿತು. ಆ ಉಬ್ಬುಶಿಲ್ಪಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಗಾಲೂತ್ ಎಂದರೇನು ಎಂದು ಕೇಳುವವರಿಗೆ ನಾನು ಮೊದಲು ತೋರಿಸುವುದು ಈ ಶಿಲ್ಪಗಳನ್ನೇ. ಅದೇ ಗೋಡೆಯ ಮೇಲೆ ಶೂಲಕ್ಕೇರಿಸಿದವರೂ ಚರ್ಮ ಸುಲಿಸಿಕೊಂಡವರೂ ಇದ್ದಾರೆ ಎಂಬುದನ್ನು ಮರೆಯುವಂತಿಲ್ಲ. ಆದರೂ ಗಾಡಿಯ ಮೇಲೆ ಮೂಟೆಗಳೊಂದಿಗೆ ಕುಳಿತವರು ಹೋಗುತ್ತಿರುವುದು ಸೆರೆಮನೆಗಲ್ಲ, ಬೇರೊಂದು ನೆಲದಲ್ಲಿ ಬದುಕು ಹೂಡುವುದಕ್ಕೆ.

ಅಶ್ಶೂರ ಅಳಿದ ಮೇಲೆ ಅದರ ನೀತಿಯನ್ನು ಬಾಬೆಲ್ ಮುಂದುವರಿಸಿತು. ಬಾಬೆಲಿನ ಅರಸ ನೆಬೂಕದ್ನೆಚ್ಚರನು ಯೆರೂಸಲೇಮನ್ನು ಮೊದಲು ಹಿಡಿದದ್ದು ಕ್ರಿ.ಪೂ. 597ರಲ್ಲಿ. ಪಟ್ಟಕ್ಕೆ ಬಂದು ಮೂರೇ ತಿಂಗಳಾಗಿದ್ದ, 18 ವರ್ಷದ ಅರಸ ಯೆಹೋಯಾಖೀನನನ್ನು ತಾಯಿ ಮತ್ತು ಪರಿವಾರದ ಸಹಿತ ಒಯ್ಯಲಾಯಿತು. ಅವನೊಂದಿಗೆ ಸೈನಿಕರನ್ನೂ, ಬಡಗಿ ಕಮ್ಮಾರರಂಥ ಕುಶಲಕರ್ಮಿಗಳನ್ನೂ ಆರಿಸಿ ಒಯ್ದರು. ಅವನ ಚಿಕ್ಕಪ್ಪ ಚಿದ್ಕೀಯನು ಬಾಬೆಲಿನ ಸಾಮಂತನಾಗಿ ಕುಳಿತು, ಕೆಲವೇ ವರ್ಷಗಳಲ್ಲಿ ಮತ್ತೆ ದಂಗೆ ಎದ್ದನು. ಕ್ರಿ.ಪೂ. 587 ಅಥವಾ 586ರಲ್ಲಿ ಪಟ್ಟಣದ ಗೋಡೆ ಒಡೆಯಿತು. ದೇವಾಲಯಕ್ಕೆ ಬೆಂಕಿ ಬಿತ್ತು, ಚಿದ್ಕೀಯನ ಮಕ್ಕಳನ್ನು ಅವನ ಕಣ್ಣೆದುರೇ ಕೊಂದು ಬಳಿಕ ಅವನ ಕಣ್ಣುಗಳನ್ನೇ ಕಿತ್ತರು. ದ್ರಾಕ್ಷಿತೋಟ ಹೊಲಗಳನ್ನು ನೋಡಿಕೊಳ್ಳಲು ತೀರ ಬಡವರನ್ನು ನಾಡಿನಲ್ಲಿಯೇ ಬಿಟ್ಟರು. ಒಯ್ದವರ ಸಂಖ್ಯೆಯ ಬಗ್ಗೆ ಬೈಬಲಿನಲ್ಲೇ ಎರಡು ಲೆಕ್ಕಗಳಿವೆ: ಅರಸುಗಳ ಗ್ರಂಥ ಮೊದಲನೆಯ ಸಲಕ್ಕೇ 10,000 ಎನ್ನುತ್ತದೆ, ಯೆರೆಮೀಯನ ಗ್ರಂಥದ ಕೊನೆಯ ಅಧ್ಯಾಯ ಮೂರು ಸಲದ ಲೆಕ್ಕವನ್ನು 3,023, 832, 745 ಎಂದು ಬಿಡಿಸಿಟ್ಟು, ಒಟ್ಟು 4,600 ಎಂದು ಕೂಡಿಸುತ್ತದೆ. ಯಾವ ಲೆಕ್ಕ ಹಿಡಿದರೂ ನಾಡಿಗೆ ನಾಡೇ ಬರಿದಾಯಿತು ಎನ್ನುವಂತಿಲ್ಲ. ಬಾಬೆಲಿನವರು ಆರಿಸಿ ಕಿತ್ತದ್ದು ಅರಮನೆ, ಸೇನೆ, ಪೌರೋಹಿತ್ಯ ಮತ್ತು ಕಸುಬಿನವರ ತಲೆಸಾಲನ್ನು. ಮತ್ತೊಂದು ವ್ಯತ್ಯಾಸವೂ ಮುಖ್ಯವಾದದ್ದು: ಅಶ್ಶೂರದವರಂತೆ ಇವರು ಯೆಹೂದದಲ್ಲಿ ಹೊರಗಿನವರನ್ನು ತಂದು ತುಂಬಲಿಲ್ಲ, ಒಯ್ದವರನ್ನು ಊರೂರಿಗೆ ಚೆದರಿಸದೆ ಗುಂಪುಗಳಾಗಿಯೇ ಇರಿಸಿದರು. ಮರಳುವ ದಾರಿ ಮುಂದೆ ತೆರೆದದ್ದಕ್ಕೆ ದೈವದ ಜೊತೆಗೆ ಈ ಆಡಳಿತದ ವಿವರವೂ ಕಾರಣ.

ಬಾಬೆಲಿನಲ್ಲಿ ಅವರ ಬದುಕು ಹೇಗಿತ್ತೆಂಬುದಕ್ಕೆ ಮಣ್ಣಿನ ಫಲಕಗಳೇ ಸಾಕ್ಷಿ. ಬಾಬೆಲಿನ ಅರಮನೆಯಲ್ಲಿ ಸಿಕ್ಕ, 1939ರಲ್ಲಿ ಪ್ರಕಟವಾದ ಪಡಿ ಲೆಕ್ಕದ ಫಲಕಗಳಲ್ಲಿ ಯೆಹೂದದ ಅರಸ ಯೆಹೋಯಾಖೀನನಿಗೂ ಅವನ ಐವರು ಮಕ್ಕಳಿಗೂ ಅಳೆದುಕೊಟ್ಟ ಎಣ್ಣೆಯ ಲೆಕ್ಕವಿದೆ. ಅವನ ಮಟ್ಟಿಗೆ ‘ಸೆರೆ’ ಎಂಬ ಮಾತು ಸಲ್ಲುತ್ತದೆ, ಏಕೆಂದರೆ ಒಯ್ಯಲ್ಪಟ್ಟ 37ನೆಯ ವರ್ಷದಲ್ಲಿ ಅವನನ್ನು ಸೆರೆಮನೆಯಿಂದ ಬಿಡಿಸಿದರೆಂದು ಬೈಬಲೂ ಹೇಳುತ್ತದೆ. ಸಾಮಾನ್ಯರ ಕತೆ ಬೇರೆ. ಯೆಹೂದದ ಹೆಸರನ್ನೇ ಹೊತ್ತ ‘ಆಲ್-ಯಾಹೂದು’ ಎಂಬ ಊರು ಬಾಬೆಲಿನ ಸೀಮೆಯಲ್ಲಿತ್ತು. ಆ ಊರಿಗೂ ಅದರ ನೆರೆಹೊರೆಗೂ ಸೇರಿದ, ಕ್ರಿ.ಪೂ. 572ರಿಂದ ಆರಂಭವಾಗುವ ಫಲಕಗಳಲ್ಲಿ, ಈ ಜನ ಅರಸನ ಭೂಮಿಯನ್ನು ಸೇವೆಯ ಕರಾರಿನ ಮೇಲೆ ಉಳುತ್ತಾರೆ, ಜವೆಗೋಧಿ ಖರ್ಜೂರಗಳಲ್ಲಿ ತೆರಿಗೆ ಕಟ್ಟುತ್ತಾರೆ, ಸಾಲ ಪಡೆಯುತ್ತಾರೆ, ಮದುವೆಯ ಕರಾರು ಬರೆಸುತ್ತಾರೆ. ಅವರು ಸ್ವತಂತ್ರರಾಗಿರಲಿಲ್ಲ, ಬಯಸಿದಾಗ ಊರಿಗೆ ಮರಳುವಂತಿರಲಿಲ್ಲ. ಆದರೆ ಕಂಬಿಗಳ ಹಿಂದೆಯೂ ಇರಲಿಲ್ಲ. ಪ್ರವಾದಿ ಯೆಹೆಜ್ಕೇಲನು ಕೆಬಾರ್ ಕಾಲುವೆಯ ಬಳಿ ವಾಸವಾಗಿದ್ದ ‘ತೇಲ್ ಆಬೀಬ್’ ಎಂಬ ಊರಿನ ಹೆಸರು ಅಕ್ಕಾಡಿಯನ್ ಭಾಷೆಯಲ್ಲಿ ‘ಪ್ರಳಯದ ದಿಬ್ಬ’ ಎಂಬರ್ಥದ ಪದವೆಂದು ವಿದ್ವಾಂಸರು ಗುರುತಿಸುತ್ತಾರೆ. ಅಂದರೆ ಪಾಳು ದಿಬ್ಬಗಳನ್ನು ಹಸನು ಮಾಡಲು ಈ ಒಕ್ಕಲನ್ನು ತಂದಿರಿಸಿದ್ದರು.

‘ಒಕ್ಕಲು’ ಎಂಬ ಪದವನ್ನು ಇಲ್ಲಿ ಬೇಕೆಂದೇ ಬಳಸಿದ್ದೇನೆ. ಗಾಲೂತ್‌ಗೆ ಕನ್ನಡದಲ್ಲಿ ಸಮೀಪದ ಪದ ಹುಡುಕುವವರು ‘ವನವಾಸ’ದ ಕಡೆಗೆ ಸಾಮಾನ್ಯವಾಗಿ ಕೈಚಾಚುತ್ತಾರೆ, ಆದರೆ ವನವಾಸಕ್ಕೆ ಹೋದವರು ಮಾತಿಗೆ ಕಟ್ಟುಬಿದ್ದು, ಅವಧಿಯನ್ನು ಮೊದಲೇ ಅರಿತು, ಊರಿಲ್ಲದ ಕಾಡಿಗೆ ಹೋದವರು. ‘ಗಡೀಪಾರು’ ಎಂದರೆ ಗಡಿಯಾಚೆ ದಬ್ಬುವುದು. ದಬ್ಬಿದವನು ಎಲ್ಲಿಗೆ ಹೋದರೂ ಸರಕಾರಕ್ಕೆ ಚಿಂತೆಯಿಲ್ಲ. ಗಾಲೂತ್‌ನಲ್ಲಿ ಎಲ್ಲಿಗೆ ಹೋಗಬೇಕೆಂಬುದನ್ನು ನಿರ್ಧರಿಸುವವನೇ ಚಕ್ರವರ್ತಿ. ಬರ ಬಂದಾಗ ಉತ್ತರ ಕರ್ನಾಟಕದವರು ಹೊರಡುವ ‘ಗುಳೆ’ಗೂ ‘ಗೋಲಾ’ಕ್ಕೂ ಉಚ್ಚಾರದಲ್ಲಿ ಹೋಲಿಕೆಯಿದೆಯಾದರೂ ಅದು ಬರಿಯ ಆಕಸ್ಮಿಕ, ಇಂಥ ಹೋಲಿಕೆಗಳಿಂದ ಪದಮೂಲ ಕಟ್ಟುವ ಚಪಲವನ್ನು ಬಿಡುವುದೇ ಲೇಸು. ನನಗೆ ತೋಚುವಂತೆ ‘ಒಕ್ಕಲೆಬ್ಬಿಸು’ ಎಂಬ ನಮ್ಮ ಹಳೆಯ ಕ್ರಿಯಾಪದವೇ ಗ-ಲ-ಹ ಧಾತುವಿನ ಪ್ರೇರಣಾರ್ಥಕ ರೂಪಕ್ಕೆ ಎಲ್ಲಕ್ಕಿಂತ ಹತ್ತಿರವಾದದ್ದು. ಅದರ ಮುಂದಿನ ಅರ್ಧವಾದ ‘ಬೇರೆಡೆ ಒಕ್ಕಲಿರಿಸು’ ಎಂಬುದನ್ನೂ ಸೇರಿಸಿದರೆ ಅರ್ಥ ಪೂರ್ತಿಯಾಗುತ್ತದೆ.

ಎಷ್ಟು ಕಾಲ ಈ ಬದುಕು ಎಂಬ ಪ್ರಶ್ನೆ ಆಗಲೇ ಎದ್ದಿತ್ತು. ಎರಡೇ ವರ್ಷದಲ್ಲಿ ಎಲ್ಲರೂ ಮರಳುವರೆಂದು ಹನನ್ಯ ಎಂಬ ಪ್ರವಾದಿ ಯೆರೂಸಲೇಮಿನಲ್ಲಿ ಸಾರಿದನು. ಪ್ರವಾದಿ ಯೆರೆಮೀಯನು ಅದನ್ನು ಅಲ್ಲಗಳೆದು ಬಾಬೆಲಿಗೆ ಒಯ್ಯಲ್ಪಟ್ಟವರಿಗೆ ಪತ್ರವೊಂದನ್ನು ಕಳುಹಿಸಿದನು: ಮನೆ ಕಟ್ಟಿಕೊಳ್ಳಿ, ತೋಟ ಹಾಕಿ ಫಲ ಉಣ್ಣಿರಿ, ಮಕ್ಕಳಿಗೆ ಮದುವೆ ಮಾಡಿಸಿರಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ, 70 ವರ್ಷ ತುಂಬಿದ ಮೇಲೆ ಬಿಡುಗಡೆ ಬರುವುದು ಎಂಬುದು ಅದರ ಸಾರ. ತಮ್ಮ ನಾಡನ್ನು ಸುಡಲಿರುವವರ ಪಟ್ಟಣಕ್ಕಾಗಿ ಪ್ರಾರ್ಥಿಸಿರಿ ಎಂಬ ಮಾತು ಅಂದಿನ ಕಿವಿಗಳಿಗೆ ದ್ರೋಹದಂತೆ ಕೇಳಿಸಿದ್ದರೆ ಆಶ್ಚರ್ಯವಿಲ್ಲ. ಕ್ರಿ.ಪೂ. 539ರಲ್ಲಿ ಪಾರಸಿಯ ಅರಸ ಕೋರೆಷನು (ಸೈರಸ್) ಬಾಬೆಲನ್ನು ಗೆದ್ದು, ಅವರು ಮರಳಲು ಅಪ್ಪಣೆ ಕೊಟ್ಟನು. ಮರಳಿ ಬಂದವರು 42,360 ಮಂದಿ ಎಂದು ಎಜ್ರನ ಗ್ರಂಥ ಎಣಿಸುತ್ತದೆ. ಎರಡನೆಯ ದೇವಾಲಯ ಮುಗಿದದ್ದು ಕ್ರಿ.ಪೂ. 515ರ ಸುಮಾರಿಗೆ. ಮೊದಲ ದೇವಾಲಯ ಸುಟ್ಟಂದಿನಿಂದ ಇಲ್ಲಿಗೆ ಲೆಕ್ಕ ಹಾಕಿದರೆ 70 ವರ್ಷ ಸರಿಸುಮಾರಾಗಿ ಹೊಂದುತ್ತದೆ. ಆ ದೇವಾಲಯವನ್ನು ಕಟ್ಟಿಸಿದ ಮುಖಂಡ ಜೆರುಬ್ಬಾಬೆಲನ ಹೆಸರಿಗೆ ‘ಬಾಬೆಲಿನ ಬಿತ್ತು’ ಎಂಬ ಅರ್ಥ ಇರುವುದು ಆ ಕಾಲದ ಗೊಂದಲವನ್ನೆಲ್ಲ ಒಂದೇ ಪದದಲ್ಲಿ ಹೇಳುವಂತಿದೆ.

ಈ ನಡುವೆ ‘ಗೋಲಾ’ ಎಂಬ ಪದಕ್ಕೆ ವಿಚಿತ್ರವಾದ ತಿರುವೊಂದು ದೊರೆಯಿತು. ಮೊದಮೊದಲು ಒಯ್ಯಲ್ಪಟ್ಟವರಿಗೆ ಅದು ಅವಮಾನದ ಗುರುತಾಗಿತ್ತು. ಅವರು ದೇವರಿಂದ ದೂರ ಹೋದವರು, ನಾಡು ನಮ್ಮ ಪಾಲಿನದು ಎಂದು ಯೆರೂಸಲೇಮಿನಲ್ಲಿ ಉಳಿದವರು ಆಡಿಕೊಳ್ಳುತ್ತಿದ್ದುದನ್ನು ಯೆಹೆಜ್ಕೇಲನು ದಾಖಲಿಸಿದ್ದಾನೆ. ಯೆರೆಮೀಯನ ಎರಡು ಅಂಜೂರದ ಪುಟ್ಟಿಗಳ ದರ್ಶನವು ಈ ಲೆಕ್ಕವನ್ನು ತಿರುವುಮುರುವು ಮಾಡಿತು: ಒಯ್ಯಲ್ಪಟ್ಟವರು ಒಳ್ಳೆಯ ಹಣ್ಣುಗಳು, ಚಿದ್ಕೀಯನೊಂದಿಗೆ ಉಳಿದವರು ತಿನ್ನಲಾಗದ ಕೆಟ್ಟ ಹಣ್ಣುಗಳು. ಮರಳಿ ಬಂದ ಬಳಿಕ ‘ಬ್ನೇ ಹಗ್ಗೋಲಾ’, ಅಂದರೆ ಗೋಲಾದ ಮಕ್ಕಳು, ಎಂಬುದು ಹೆಮ್ಮೆಯ ಬಿರುದಾಯಿತು. ನೆಲಬಿಟ್ಟು ಕದಲದವರು ಹೊರಗಿನವರಾದರು. ದೇವಾಲಯ ಕಟ್ಟಲು ನಾವೂ ಕೈಜೋಡಿಸುತ್ತೇವೆ ಎಂದು ಬಂದ ನೆರೆಯವರನ್ನು ಜೆರುಬ್ಬಾಬೆಲನೂ ಜೊತೆಗಾರರೂ ಹಿಂದಕ್ಕೆ ಕಳುಹಿಸಿದ್ದು ಎಜ್ರನ ಗ್ರಂಥದಲ್ಲಿದೆ. ನಮಗೆ ದೊರೆತಿರುವ ಚರಿತ್ರೆಯನ್ನು ಬಹುಮಟ್ಟಿಗೆ ಬರೆದು ತಿದ್ದಿದವರೂ ಗೋಲಾದ ಕಡೆಯವರೇ. ಹೊಲ ನೋಡಿಕೊಂಡು ಉಳಿದ ಬಡವರ ಬಾಯಿಂದ ಬಂದ ಮಾತು ಅದರಲ್ಲಿ ಅಪರೂಪ ಎಂಬುದನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು.

ಕೋರೆಷನ ಅಪ್ಪಣೆ ಬಂದ ಮೇಲೂ ಬಾಬೆಲನ್ನು ಬಿಡದವರು ಅನೇಕರಿದ್ದರು. ಅವರ ಸಮುದಾಯವು ಮುಂದೆ ನೂರಾರು ವರ್ಷ ಬಾಳಿತು; ಅದರ ಮುಖ್ಯಸ್ಥನನ್ನು ಅರಮಾಯಿಕ್ ಭಾಷೆಯಲ್ಲಿ ‘ರೇಷ್ ಗಾಲೂತಾ’, ಗಾಲೂತ್‌ನ ತಲೆಯಾಳು, ಎಂದು ಕರೆದರು. ಈ ಹುದ್ದೆಯಲ್ಲಿದ್ದವರು ತಾವು ದಾವೀದನ ವಂಶದವರೆಂದು ಹೇಳಿಕೊಳ್ಳುತ್ತಿದ್ದರು. ಯೆಹೂದ್ಯರು ಇಂದಿಗೂ ಎಣಿಸುವ ನೀಸಾನ್, ತಮ್ಮೂಜ್ ಮೊದಲಾದ ತಿಂಗಳುಗಳ ಹೆಸರುಗಳು ಬಾಬೆಲಿನವು.

ಕ್ರಿ.ಶ. 70ರಲ್ಲಿ ರೋಮಿನ ಸೇನಾನಿ ತೀತನು ಎರಡನೆಯ ದೇವಾಲಯವನ್ನು ನಾಶಪಡಿಸಿದ ಮೇಲೆ ಪದದ ಅರ್ಥ ಇನ್ನಷ್ಟು ಅಗಲವಾಯಿತು. ರೋಮಿನವರು ಬಹಳ ಮಂದಿಯನ್ನು ಕೊಂದರು, ಗುಲಾಮರನ್ನಾಗಿ ಮಾರಿದರು. 132–135ರ ಬಾರ್ ಕೋಖ್ಬಾ ದಂಗೆಯನ್ನು ಅಡಗಿಸಿದ ಬಳಿಕ ಯೆರೂಸಲೇಮಿಗೆ ಯೆಹೂದ್ಯರು ಕಾಲಿಡದಂತೆಯೂ ಮಾಡಿದರು. ಆದರೆ ಬಾಬೆಲಿನ ರೀತಿಯಲ್ಲಿ ಎಬ್ಬಿಸಿ ಇನ್ನೊಂದೆಡೆ ಇರಿಸುವ ಕ್ರಮ ಅಲ್ಲಿ ನಡೆಯಲಿಲ್ಲ. ಗಲಿಲಾಯದಲ್ಲಿ ಯೆಹೂದ್ಯರ ಊರುಗಳು ಉಳಿದವು, ‘ಮಿಷ್ನಾ’ ಎಂಬ ಧರ್ಮಸಂಹಿತೆ ಸುಮಾರು ಕ್ರಿ.ಶ. 200ರ ಹೊತ್ತಿಗೆ ಅಲ್ಲೇ ಸಂಕಲನಗೊಂಡಿತು. ಹೀಗಾಗಿ ಗಾಲೂತ್ ಒಂದು ಘಟನೆಯ ಹೆಸರಾಗಿದ್ದದ್ದು ಒಂದು ಸ್ಥಿತಿಯ ಹೆಸರಾಯಿತು: ದೇವಾಲಯವಿಲ್ಲದ, ತಮ್ಮದೇ ಅರಸನಿಲ್ಲದ ಬದುಕೆಲ್ಲವೂ ಗಾಲೂತ್. ಜನ ಎಲ್ಲೆಲ್ಲಿಗೆ ಹೋದರೋ ದೇವಸಾನ್ನಿಧ್ಯವೂ ಅಲ್ಲಲ್ಲಿಗೆ ಹೋಯಿತು ಎಂದು ಯೆಹೂದ್ಯರ ಧರ್ಮಗ್ರಂಥ ತಾಲ್ಮೂದ್ ಹೇಳುವುದು ಈ ಅರ್ಥದಲ್ಲಿಯೇ. ಈ ಹಂತದಲ್ಲಿ ‘ಸೆರೆ’ ಪೂರ್ತಿ ನಿರುಪಯೋಗಿಯಾಗುತ್ತದೆ, ‘ಒಕ್ಕಲೆಬ್ಬಿಸು’ವುದೂ ಸಾಲದು, ಕನ್ನಡದಲ್ಲಿ ಬರೆಯುವವರು ಮೂಲಪದವನ್ನೇ ಉಳಿಸಿಕೊಂಡು ವಿವರಿಸುವುದು ಸರಿಯಾದೀತು.

ಪಸ್ಕಹಬ್ಬದ ರಾತ್ರಿಯ ಊಟ ಮುಗಿದಾಗ ಯೆಹೂದ್ಯರು ‘ಬರುವ ವರ್ಷ ಯೆರೂಸಲೇಮಿನಲ್ಲಿ’ ಎಂದು ಹೇಳುವ ವಾಡಿಕೆ ಇದೆ. ಈಗ ಯೆರೂಸಲೇಮಿನಲ್ಲಿಯೇ ಮನೆಮಾಡಿಕೊಂಡು ಇರುವವರು ಆ ಮಾತನ್ನು ಬಿಟ್ಟುಬಿಡುವುದಿಲ್ಲ. ಅವರು ಅದಕ್ಕೆ ಒಂದು ಪದ ಸೇರಿಸಿ, ‘ಬರುವ ವರ್ಷ ಮರಳಿ ಕಟ್ಟಿದ ಯೆರೂಸಲೇಮಿನಲ್ಲಿ’ ಎನ್ನುತ್ತಾರೆ.