ಪೋಕರ್ ಆಡಿದವರೇ, ಮಾರ್ಚ್ 31ರ ಬ್ಯಾಲೆನ್ಸ್ ನೋಡಿದ್ದೀರಾ?

2025ರ ಡಿಸೆಂಬರ್‌ನಲ್ಲಿ ಒಂದು ಶನಿವಾರ ಸಂಜೆ, ಪುಣೆಯ ಚಿಂಚವಾಡದಲ್ಲಿರುವ ನನ್ನ ತೆರಿಗೆ ಸಲಹೆಯ ಆಫೀಸಿಗೆ ಒಬ್ಬ ಹುಡುಗ ಬಂದ. ವಿಜಯಪುರದ ಕಡೆಯವನು, ಹಿಂಜವಡಿಯ ಐಟಿ ಕಂಪನಿಯೊಂದರಲ್ಲಿ ಕೆಲಸ. ಮೊಬೈಲ್ ಮುಂದೆ ಹಿಡಿದು ಆದಾಯ ತೆರಿಗೆ ಇಲಾಖೆಯಿಂದ ಬಂದಿದ್ದ ಮೆಸೇಜ್ ತೋರಿಸಿದ. 2023–24ನೇ ಸಾಲಿನ ರಿಟರ್ನ್‌ನಲ್ಲಿ ಆನ್‌ಲೈನ್ ಗೇಮ್ ಆದಾಯ ತೋರಿಸಿಲ್ಲ, ಒಮ್ಮೆ ನೋಡಿಕೊಳ್ಳಿ ಅಂತ ಅದರ ಅರ್ಥ. "ಗೇಮ್ ಕಂಪನಿಯವ್ರೇ ಟ್ಯಾಕ್ಸ್ ಹಿಡದಾರಲ್ರೀ ಸರ್, ಮತ್ತ್ಯಾಕ ಕಟ್ಟಬೇಕು?" ಅಂದ.

ಈ ಪ್ರಶ್ನೆಯನ್ನು ಎರಡು ವರ್ಷದಿಂದ ಕೇಳುತ್ತಿದ್ದೇನೆ. ಪುಣೆಯಲ್ಲಿ ಒಬ್ಬರೇ ರೂಮ್ ಮಾಡಿಕೊಂಡಿರುವ ನಮ್ಮ ಕಡೆಯ ಹುಡುಗರಲ್ಲಿ ಪೋಕರ್, ರಮ್ಮಿ ಆಡಿದವರು ಬಹಳ ಮಂದಿ ಇದ್ದಾರೆ. ಮನೆಯಲ್ಲಿ ಹೇಳಿರುವುದಿಲ್ಲ. ಹಾಗಾಗಿ ತೆರಿಗೆ ವಿಷಯವನ್ನೂ ಯಾರ ಹತ್ತಿರವೂ ಕೇಳಿರುವುದಿಲ್ಲ. ಇದೇ ನನಗೆ ಜಾಸ್ತಿ ಬೇಸರ ತರುವ ಸಂಗತಿ, ಯಾಕಂದ್ರೆ ಬೇಗ ಕೇಳಿದ್ದರೆ ಅರ್ಧ ತೊಂದರೆ ಆಗುತ್ತಲೇ ಇರಲಿಲ್ಲ.

ಅವನ ಲೆಕ್ಕವನ್ನೇ ಬಿಡಿಸಿ ಹೇಳುತ್ತೇನೆ. ಅಂಕಿಗಳನ್ನು ಸ್ವಲ್ಪ ಬದಲಿಸಿದ್ದೇನೆ.

2023ರ ಏಪ್ರಿಲ್‌ನಿಂದ ಆನ್‌ಲೈನ್ ಗೇಮ್‌ಗೆ ಬೇರೆಯದೇ ನಿಯಮ ಬಂತು. ತೆರಿಗೆ ಹಾಕುವುದು 115ಬಿಬಿಜೆ ಸೆಕ್ಷನ್, ಟಿಡಿಎಸ್, ಅಂದರೆ ದುಡ್ಡು ಕೊಡುವ ಕಂಪನಿಯೇ ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ, ಹಿಡಿಯುವುದು 194ಬಿಎ. ಎರಡರಲ್ಲೂ ದರ ಶೇಕಡಾ 30. ಲೆಕ್ಕ ಹಾಕುವುದು ನೀವು ಗೆದ್ದ ಒಂದೊಂದು ಆಟದ ಮೇಲಲ್ಲ, ವರ್ಷದ ನಿವ್ವಳ ಗೆಲುವಿನ ಮೇಲೆ. ವರ್ಷದಲ್ಲಿ ಹೊರಗೆ ತೆಗೆದ ದುಡ್ಡಿಗೆ ಮಾರ್ಚ್ 31ರಂದು ವ್ಯಾಲೆಟ್‌ನಲ್ಲಿ, ಅಂದರೆ ಆ್ಯಪ್‌ನ ನಿಮ್ಮ ಖಾತೆಯಲ್ಲಿ, ಉಳಿದದ್ದನ್ನು ಕೂಡಿಸಬೇಕು. ಅದರಲ್ಲಿ ವರ್ಷದಲ್ಲಿ ನೀವು ಹಾಕಿದ ದುಡ್ಡು ಮತ್ತು ಏಪ್ರಿಲ್ 1ರಂದು ವ್ಯಾಲೆಟ್‌ನಲ್ಲಿ ಇದ್ದದ್ದನ್ನು ಕಳೆಯಬೇಕು. ಉಳಿದದ್ದು ನಿವ್ವಳ ಗೆಲುವು. ಹೊರಗೆ ತೆಗೆಯದೆ ಆ್ಯಪ್‌ನಲ್ಲೇ ಬಿಟ್ಟ ದುಡ್ಡಿಗೂ ತೆರಿಗೆ ಇದೆ ಅನ್ನುವುದು ಹತ್ತರಲ್ಲಿ ಎಂಟು ಜನಕ್ಕೆ ಗೊತ್ತಿರುವುದಿಲ್ಲ.

ನಮ್ಮ ಹುಡುಗ 2023ರ ಏಪ್ರಿಲ್‌ನಲ್ಲಿ ಸೊನ್ನೆಯಿಂದ ಶುರು ಮಾಡಿದ್ದ. ಆ ವರ್ಷ ಒಟ್ಟು 3,00,000 ರೂಪಾಯಿ ಹಾಕಿದ, 4,20,000 ತೆಗೆದ, ಮಾರ್ಚ್ 31ಕ್ಕೆ ವ್ಯಾಲೆಟ್‌ನಲ್ಲಿ 80,000 ಇತ್ತು. ಅಲ್ಲಿಗೆ ನಿವ್ವಳ ಗೆಲುವು 2,00,000. ದುಡ್ಡು ತೆಗೆಯುವಾಗಲೇ 36,000 ಟಿಡಿಎಸ್ ಹೋಗಿತ್ತು, ಬ್ಯಾಂಕಿಗೆ ಬಂದದ್ದು 3,84,000. ವರ್ಷದ ಕೊನೆಗೆ ವ್ಯಾಲೆಟ್‌ನಿಂದ ಇನ್ನೂ 24,000 ಹಿಡಿದರು, ಅಲ್ಲಿ 56,000 ಉಳಿಯಿತು. ಏಪ್ರಿಲ್‌ನಲ್ಲಿ ಅದನ್ನೂ ಸೋತ. ಹೋದದ್ದನ್ನು ವಾಪಸ್ ತರುತ್ತೇನೆ ಅಂತ ಮೇಲೆ 50,000 ಹಾಕಿ ಅದನ್ನೂ ಕಳೆದುಕೊಂಡ.

ಅವನ ಮನಸ್ಸಿನ ಲೆಕ್ಕದಲ್ಲಿ ಎರಡು ಲಕ್ಷ ಗೆದ್ದು 1,06,000 ಸೋತಿದ್ದಾನೆ, ಅಂದರೆ 94,000 ಲಾಭ. ಕಾಯ್ದೆಯ ಲೆಕ್ಕದಲ್ಲಿ ಮೊದಲ ವರ್ಷ ಎರಡು ಲಕ್ಷದ ಗೆಲುವು, ಎರಡನೇ ವರ್ಷ ಸೊನ್ನೆ. ಏಪ್ರಿಲ್‌ನ ಸೋಲನ್ನು ಮಾರ್ಚ್‌ಗೆ ಒಯ್ಯಲು ಬರುವುದಿಲ್ಲ, ಮುಂದಿನ ವರ್ಷಕ್ಕೂ ಎಳೆಯಲು ಬರುವುದಿಲ್ಲ. ಎರಡು ಲಕ್ಷಕ್ಕೆ ಶೇ 30ರಂತೆ 60,000, ಅದರ ಮೇಲೆ ಶೇ 4 ಸೆಸ್ 2,400, ಒಟ್ಟು 62,400. ಕೈಯಲ್ಲಿ ನಿಜವಾಗಿ ಉಳಿಯಬೇಕಾದದ್ದು 31,600 ಮಾತ್ರ. ಇದನ್ನು ಹಾಳೆಯ ಮೇಲೆ ಬರೆದು ತೋರಿಸಿದಾಗ ಅವನು ಬಹಳ ಹೊತ್ತು ಮಾತಾಡಲಿಲ್ಲ.

ಅದೇ ಸೋಲು ಮಾರ್ಚ್ 31ರ ಒಳಗೆ ಆಗಿದ್ದರೆ ಕತೆಯೇ ಬೇರೆ. ಜೂನ್‌ನಲ್ಲಿ ಗೆದ್ದು ತೆಗೆದಾಗ ಟಿಡಿಎಸ್ ಹೋಯಿತು, ನವೆಂಬರ್‌ನಲ್ಲಿ ಮತ್ತೆ ಹಾಕಿ ಸೋತಿರಿ ಅಂತಿಟ್ಟುಕೊಳ್ಳಿ. ಆಗ ವರ್ಷದ ನಿವ್ವಳ ಗೆಲುವು ಕಡಿಮೆ ಆಗುತ್ತದೆ, ಹೆಚ್ಚಿಗೆ ಹೋದ ಟಿಡಿಎಸ್ ನಿಮ್ಮದೇ ದುಡ್ಡು. ಕಂಪನಿ ಅದನ್ನು ತಾನಾಗಿ ವಾಪಸ್ ಕೊಡುವುದಿಲ್ಲ, ರಿಟರ್ನ್ ಸಲ್ಲಿಸಿ ಕೇಳಬೇಕು. ಅಸೆಸ್‌ಮೆಂಟ್ ವರ್ಷದ, ಅಂದರೆ ಆದಾಯ ಬಂದ ಸಾಲಿನ ಮುಂದಿನ ಸಾಲಿನ, ಡಿಸೆಂಬರ್ 31 ದಾಟಿದರೆ ತಡವಾದ ರಿಟರ್ನ್ ಸಲ್ಲಿಸುವ ಅವಕಾಶವೂ ಮುಗಿಯುತ್ತದೆ. ಸೋತಿದ್ದೇನೆ, ಇನ್ನೇನು ರಿಟರ್ನ್ ಅಂತ ಸುಮ್ನೆ ಕೂತು ಹತ್ತು, ಇಪ್ಪತ್ತು ಸಾವಿರ ಬಿಟ್ಟುಕೊಟ್ಟವರನ್ನು ನಾನು ನೋಡಿದ್ದೇನೆ.

ಹುಡುಗ ಮಾಡಿಕೊಂಡ ದೊಡ್ಡ ತಪ್ಪು ಬೇರೆಯೇ ಇತ್ತು. ತಾನೇ ಐಟಿಆರ್-1, ಅಂದರೆ ಸರಳ ಆದಾಯದವರ ರಿಟರ್ನ್ ಫಾರ್ಮ್, ತುಂಬಿದ್ದ. ಸಂಬಳ ಮಾತ್ರ ತೋರಿಸಿದ, ಆದರೆ ಗೇಮ್ ಕಂಪನಿ ಹಿಡಿದ 60,000 ಟಿಡಿಎಸ್ಸನ್ನು ತಾನು ಕಟ್ಟಿದ ತೆರಿಗೆ ಅಂತ ಕ್ಲೇಮ್ ಮಾಡಿದ. ರೀಫಂಡ್ ಬಂದೇಬಿಟ್ಟಿತು! ಅದನ್ನು ಊರಲ್ಲಿ ಮನೆ ರಿಪೇರಿಗೆ ಕಳಿಸಿದ. ದುಡ್ಡು ಬಂತು ಅಂದರೆ ಲೆಕ್ಕ ಸರಿ ಇತ್ತು ಅಂತ ಅವನು ತಿಳಿದದ್ದು ಸಹಜ. ಆದರೆ ಟಿಡಿಎಸ್ ಕ್ಲೇಮ್ ಮಾಡಿದ ಮೇಲೆ ಆ ಆದಾಯವನ್ನೂ ತೋರಿಸಲೇಬೇಕು. ಗೇಮ್ ಗೆಲುವು ಇದ್ದರೆ ಐಟಿಆರ್-1 ನಡೆಯುವುದಿಲ್ಲ, ಸಂಬಳದವರಿಗೆ ಐಟಿಆರ್-2 ಬೇಕು. ಅದರಲ್ಲಿ ಇತರ ಮೂಲಗಳ ಆದಾಯದ ಭಾಗದಲ್ಲಿ 115ಬಿಬಿಜೆ ಅಂತಲೇ ಒಂದು ಸಾಲು ಇದೆ.

ಅವನಿಂದ ಅಪ್‌ಡೇಟೆಡ್ ರಿಟರ್ನ್, ಅಂದರೆ ತಪ್ಪು ತಿದ್ದಿ ತಡವಾಗಿ ಹಾಕುವ ರಿಟರ್ನ್, ಹಾಕಿಸಿದೆ. ಅಸೆಸ್‌ಮೆಂಟ್ ವರ್ಷ ಮುಗಿದ 12 ತಿಂಗಳೊಳಗೆ ಹಾಕಿದರೆ ತೆರಿಗೆ ಮತ್ತು ಬಡ್ಡಿಯ ಮೇಲೆ ಶೇ 25 ಹೆಚ್ಚಿಗೆ, 24 ತಿಂಗಳೊಳಗೆ ಶೇ 50, 36ಕ್ಕೆ 60, 48ಕ್ಕೆ 70. ಅವನಿಗೆ 62,400 ಮತ್ತು ಅದರ ಶೇ 25 ಸೇರಿ 78,000, ಬಡ್ಡಿ ಬೇರೆ. ರೀಫಂಡ್ ತೆಗೆದುಕೊಳ್ಳದೆ ಬರೀ ಆದಾಯ ತೋರಿಸುವುದು ಬಿಟ್ಟುಹೋಗಿದ್ದರೆ 2,400ಕ್ಕೆ ಮತ್ತು ಸ್ವಲ್ಪ ಹೆಚ್ಚುವರಿಗೆ ಮುಗಿಯುತ್ತಿತ್ತು. ಇಂಥ ರಿಟರ್ನ್ ತೆರಿಗೆ ಕಟ್ಟುವುದಕ್ಕೆ ಮಾತ್ರ, ರೀಫಂಡ್ ಕೇಳುವುದಕ್ಕಲ್ಲ.

ನನ್ನ ಆದಾಯ ತೆರಿಗೆ ಮಿತಿಯ ಒಳಗೇ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಈ ಗೆಲುವಿಗೆ ಆ ಮಿತಿಯ ಲಾಭ ಇಲ್ಲ, ಮೊದಲ ರೂಪಾಯಿಯಿಂದಲೇ ತೆರಿಗೆ. ಡೇಟಾ ಬಿಲ್, ಪೋಕರ್ ಕೋಚಿಂಗ್ ಫೀ, ಹೊಸ ಲ್ಯಾಪ್‌ಟಾಪ್ ಯಾವುದನ್ನೂ ಖರ್ಚು ಅಂತ ಕಳೆಯಲು ಬರುವುದಿಲ್ಲ. ಆ್ಯಪ್ ಕೊಟ್ಟ ಬೋನಸ್ ನಿಮ್ಮ ಡೆಪಾಸಿಟ್ ಅಲ್ಲ. ಅದನ್ನು ತೆಗೆಯಬಹುದಾದ ದುಡ್ಡಾಗಿ ಮಾಡಿಕೊಂಡರೆ ಅದೂ ಗೆಲುವೇ. ಎರಡು ಬೇರೆ ಕಂಪನಿಗಳ ಆ್ಯಪ್‌ನಲ್ಲಿ ಆಡಿ ಒಂದರಲ್ಲಿ ಗೆದ್ದು ಇನ್ನೊಂದರಲ್ಲಿ ಸೋತಿದ್ದರೆ, ಟಿಡಿಎಸ್ ಹಿಡಿಯುವಾಗ ಒಂದು ಕಂಪನಿ ಇನ್ನೊಂದರ ಸೋಲು ನೋಡುವುದಿಲ್ಲ. ರಿಟರ್ನ್‌ನಲ್ಲೂ ನಾನು ಅವೆರಡನ್ನು ಒಂದಕ್ಕೊಂದು ಕಳೆಯುವುದಿಲ್ಲ, ಅದೇ ಕ್ಷೇಮ.

ಇನ್ನೊಂದು ಸಂಗತಿ ನನಗೆ ತುಂಬಾ ನೋವು ಕೊಟ್ಟದ್ದು. ವಾಕಡ್‌ನಲ್ಲಿರುವ ಒಬ್ಬ, ಹುಬ್ಬಳ್ಳಿಯವನು, ತಂದೆಯ ಪ್ಯಾನ್ ಕೊಟ್ಟು ಎರಡನೇ ಅಕೌಂಟ್ ತೆರೆದಿದ್ದ. ತಂದೆ ರಿಟೈರ್ ಆದ ಮೇಷ್ಟ್ರು. ಗೆಲುವು ಅವರ ಎಐಎಸ್‌ನಲ್ಲಿ, ಅಂದರೆ ತೆರಿಗೆ ಇಲಾಖೆ ಇಡುವ ಅವರ ಆದಾಯದ ಪಟ್ಟಿಯಲ್ಲಿ, ಬಂತು, ಪತ್ರ ಹುಬ್ಬಳ್ಳಿಯ ಮನೆಗೆ ಹೋಯಿತು. ಜೀವಮಾನದಲ್ಲಿ ಇಸ್ಪೀಟು ಮುಟ್ಟದ ಮನುಷ್ಯ ಫೋನ್ ಮಾಡಿ, "ನನ್ನ ಹೆಸರಿನ್ಯಾಗ ಜೂಜು ಅಂತ ಬಂದೈತಲ್ರೀ" ಅಂದಾಗ ಅವರ ದನಿ ನಡುಗುತ್ತಿತ್ತು. ಮಗನನ್ನು ಕೂರಿಸಿಕೊಂಡು, ತಂದೆಗೆ ಎಲ್ಲವನ್ನೂ ನೀನೇ ಹೇಳು, ಆಮೇಲೆ ಕಾಗದಪತ್ರ ನೋಡೋಣ ಅಂತ ಕಳಿಸಿದೆ. ದಯವಿಟ್ಟು ಮನೆಯವರ ಪ್ಯಾನ್ ಇದಕ್ಕೆ ಬಳಸಬೇಡಿ.

ಪೋಕರ್ ಕೌಶಲದ ಆಟ, ಜೂಜಲ್ಲ ಅನ್ನುವ ವಾದ ಗೊತ್ತು. ಕರ್ನಾಟಕದ ಆನ್‌ಲೈನ್ ಗೇಮ್ ನಿಷೇಧದ ತಿದ್ದುಪಡಿಯನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದು ಮಾಡಿದಾಗ ಆ ವಾದಕ್ಕೆ ಬಲವೂ ಬಂದಿತ್ತು. ಆದರೆ 115ಬಿಬಿಜೆಗೆ ಕೌಶಲ, ಅದೃಷ್ಟ ಎರಡೂ ಒಂದೇ. ಇಂಟರ್‌ನೆಟ್‌ನಲ್ಲಿ ಆಡುವ ಆಟವಾದರೆ ಸಾಕು.

ಇಲ್ಲಿಂದ ಗೋವಾಕ್ಕೆ ಹೋಗಿ ಪಣಜಿಯ ಮಾಂಡವಿ ನದಿಯ ಕ್ಯಾಸಿನೊ ಹಡಗುಗಳಲ್ಲಿ ಆಡುವವರಿಗೆ ಬೇರೆ ಸೆಕ್ಷನ್, 115ಬಿಬಿ. ದರ ಅಷ್ಟೇ, ಆದರೆ ಅಲ್ಲಿ ಸೋಲನ್ನು ಕಳೆಯುವ ಸೌಲಭ್ಯವೇ ಇಲ್ಲ. ವಿದೇಶಿ ಸೈಟ್‌ಗಳಲ್ಲಿ ಆಡಿದವರಿಗೆ ಟಿಡಿಎಸ್ ಹಿಡಿದಿರದಿದ್ದರೆ ಪೂರ್ತಿ ತೆರಿಗೆ ನೀವೇ ಕಟ್ಟಬೇಕು. ವರ್ಷದ ತೆರಿಗೆ ಬಾಕಿ 10,000 ಮುಟ್ಟಿದರೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15ರ ಮುಂಗಡ ತೆರಿಗೆಯೂ ಬರುತ್ತದೆ.

2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಪಾಸು ಮಾಡಿತು, 22ಕ್ಕೆ ರಾಷ್ಟ್ರಪತಿ ಸಹಿ ಬಿತ್ತು. ದೊಡ್ಡ ಆ್ಯಪ್‌ಗಳು ದುಡ್ಡಿನ ಟೇಬಲ್ ನಿಲ್ಲಿಸಿದವು. ಅಲ್ಲಿಗೆ ಎಲ್ಲ ಮುಗಿಯಿತು ಅಂತ ಆ್ಯಪ್ ಡಿಲೀಟ್ ಮಾಡಿದವರೇ ಈಗ ನನ್ನ ಹತ್ತಿರ ಬರುತ್ತಿರುವುದು. ಆ ಆಗಸ್ಟ್‌ವರೆಗೆ ಗೆದ್ದದ್ದು 2025–26ರ ಆದಾಯವೇ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಸೆಕ್ಷನ್ ನಂಬರ್ ಎಲ್ಲ ಬೇರೆ, ಆದರೆ ಹಿಂದಿನ ವರ್ಷಗಳಿಗೆ ಹಳೆಯದೇ ಅನ್ವಯ.

ಆದ್ದರಿಂದ ಇವತ್ತೇ ಲಾಗಿನ್ ಆಗಿ, ಇನ್ನೂ ಆಗುತ್ತಿದ್ದರೆ, ಪೂರ್ತಿ ಲೆಡ್ಜರ್ (ದುಡ್ಡು ಹಾಕಿದ, ತೆಗೆದ ಲೆಕ್ಕದ ಪಟ್ಟಿ) ಡೌನ್‌ಲೋಡ್ ಮಾಡಿಕೊಳ್ಳಿ. ಆಗದಿದ್ದರೆ ಕಂಪನಿಯ ಸಹಾಯ ವಿಭಾಗಕ್ಕೆ ಮೇಲ್ ಬರೆದು ಕೇಳಿ. 2023ರ ಏಪ್ರಿಲ್‌ನಿಂದ ಪ್ರತಿ ವರ್ಷದ ಡೆಪಾಸಿಟ್, ವಿತ್‌ಡ್ರಾ, ಮಾರ್ಚ್ 31ರ ಬ್ಯಾಲೆನ್ಸ್ ಬೇಕು. ಫಾರ್ಮ್ 16ಎ (ಕಂಪನಿ ಕೊಡುವ ಟಿಡಿಎಸ್ ಪತ್ರ), 26ಎಎಸ್ (ಇಲಾಖೆಯಲ್ಲಿರುವ ನಿಮ್ಮ ಟಿಡಿಎಸ್ ಪಟ್ಟಿ), ಎಐಎಸ್, ಬ್ಯಾಂಕ್ ಸ್ಟೇಟ್‌ಮೆಂಟ್ ಪಕ್ಕದಲ್ಲಿಟ್ಟುಕೊಂಡು ತಾಳೆ ನೋಡಿ. ವಿಜಯಪುರದ ಹುಡುಗನಿಗೆ ಲೆಡ್ಜರ್ ಸಿಗಲು ಮೂರು ವಾರ ಬೇಕಾಯಿತು. ಜನವರಿಯಲ್ಲಿ ರಿಟರ್ನ್ ಹಾಕಿದೆವು. ದುಡ್ಡು ಹೊಂದಿಸಲು ಅವನು ಬೈಕ್ ಮಾರಿದ, ಈಗ ಬಸ್ಸಲ್ಲಿ ಆಫೀಸಿಗೆ ಹೋಗುತ್ತಾನೆ.