ಬ್ಯಾಂಕ್ವೆಟ್ ಹುಡುಗರು ಯಾಕೆ ಕೈಕೊಡುತ್ತಾರೆ?

ಮಂಗಳೂರಿನಲ್ಲಿ ಹೋಟೆಲ್ ಬ್ಯಾಂಕ್ವೆಟ್, ಅಂದರೆ ಮದುವೆ ಸಮಾರಂಭಗಳ ಹಾಲ್ ಮತ್ತು ಊಟದ ವಿಭಾಗ, ನೋಡಿಕೊಳ್ಳುವ ಯಾರನ್ನೇ ಮಾತಿಗೆ ಎಳೆಯಿರಿ, ಐದು ನಿಮಿಷದೊಳಗೆ ಮಾತು ಬಡಿಸುವ ಹುಡುಗರ ವಿಷಯಕ್ಕೆ ಬಂದು ನಿಲ್ಲುತ್ತದೆ. ಹೇಳಿದ್ದು ಇಪ್ಪತ್ತೈದು ಜನ, ಬಂದದ್ದು ಹದಿನಾರು. ಫೋನ್ ಮಾಡಿದರೆ ಸ್ವಿಚ್ ಆಫ್. ಐಸ್‌ಕ್ರೀಂ ಕೌಂಟರಿಗೆ ನಿಲ್ಲಿಸಿದವ ಮೊಬೈಲ್ ನೋಡುತ್ತಾ ನಿಂತಿದ್ದಾನೆ. ಊಟ ಮುಗಿದು ಟೇಬಲ್ ಎತ್ತುವ ಹೊತ್ತಿಗೆ ನಾಲ್ಕು ಜನ ಮಾಯ. ಇದೇ ಕೆಲಸದಲ್ಲಿರುವ ನನಗೂ ಇದೆಲ್ಲ ದಿನನಿತ್ಯದ ಮಾತು. ಆದರೆ "ಈಗಿನ ಹುಡುಗರಿಗೆ ದುಡಿಯುವ ಮನಸ್ಸಿಲ್ಲ" ಎಂಬ ತೀರ್ಪನ್ನು ನಾನು ಒಪ್ಪುವುದಿಲ್ಲ. ರಾತ್ರಿ ಮನೆ ಮುಟ್ಟಲು ದಾರಿ ಇಲ್ಲದೆ, ಹೊತ್ತಿಗೆ ಸರಿಯಾಗಿ ಊಟ ಸಿಗದೆ, ದುಡಿದ ದುಡ್ಡು ಕೈಗೆ ಬಾರದೆ ಅವರು ಕೈಕೊಡುತ್ತಾರೆ. ಇದು ಮೂರೂ ಸರಿಯಿರುವ ಜಾಗಕ್ಕೆ ಅದೇ ಹುಡುಗರು ಹೇಳಿದ ಟೈಮಿಗಿಂತ ಮೊದಲೇ ಬರುವುದನ್ನು ನೋಡಿದ್ದೇನೆ.

ಮೊದಲು ನಮ್ಮ ಊರಿನ ಲೆಕ್ಕ ಹೇಳಬೇಕು. ಇಲ್ಲಿ ಮದುವೆಗಳು ವರ್ಷವಿಡೀ ಸಮನಾಗಿ ಬರುವುದಿಲ್ಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಆಟಿ ತಿಂಗಳು, ಆಗ ತುಳುವರಲ್ಲಿ ಮದುವೆ ಇಲ್ಲ. ಪಿತೃಪಕ್ಷದಲ್ಲಿ ಇಲ್ಲ. ಈಸ್ಟರ್‌ಗೆ ಮುಂಚಿನ ಕಪ್ಪುದಿನಗಳಲ್ಲಿ (ತಪಸ್ಸಿನ ಕಾಲದಲ್ಲಿ) ಕ್ಯಾಥೊಲಿಕರು ಇಟ್ಟುಕೊಳ್ಳುವುದಿಲ್ಲ, ರಂಜಾನ್ ತಿಂಗಳಲ್ಲಿ ಬ್ಯಾರಿಗಳ ಮದುವೆ ಕಾಣುವುದೇ ಅಪರೂಪ. ಹೀಗೆ ತಡೆಹಿಡಿದದ್ದೆಲ್ಲ ಏಪ್ರಿಲ್, ಮೇ ತಿಂಗಳಿಗೆ ಬಂದು ಸೇರುತ್ತದೆ. ಶಾಲೆಗೆ ರಜೆ, ಮುಂಬೈಯಿಂದಲೂ ಗಲ್ಫಿನಿಂದಲೂ ಮನೆಮಂದಿ ಊರಿಗೆ ಬಂದಿರುತ್ತಾರೆ. ಒಳ್ಳೆಯ ಮುಹೂರ್ತ ಭಾನುವಾರ ಬಿತ್ತೆಂದರೆ ಉತ್ತರದ ಕೂಳೂರಿನಿಂದ ದಕ್ಷಿಣದ ತೊಕ್ಕೊಟ್ಟಿನವರೆಗೆ ಒಂದೂ ಹಾಲ್ ಖಾಲಿ ಇರುವುದಿಲ್ಲ. ಅದರ ಮೇಲೆ ಹಿಂದಿನ ರಾತ್ರಿಯ ಮದರಂಗಿ, ಕ್ಯಾಥೊಲಿಕರ ರೋಸ್ ಶಾಸ್ತ್ರ, ಮರುದಿನದ ಬೀಗರೂಟ ಬೇರೆ.

ಎಲ್ಲ ಹಾಲಿಗೂ ಅವತ್ತು ಬೇಕಾದದ್ದು ಅದೇ ಇನ್ನೂರು ಮುನ್ನೂರು ಹುಡುಗರು. ಹೋಟೆಲುಗಳು ಬ್ಯಾಂಕ್ವೆಟ್‌ಗೆ ಕಾಯಂ ಆಗಿ ಇಟ್ಟುಕೊಳ್ಳುವುದು ಬೆರಳೆಣಿಕೆಯ ಜನ. ಉಳಿದವರು ಕ್ಯಾಶುವಲ್: ಹೋಟೆಲ್ ಮ್ಯಾನೇಜ್‌ಮೆಂಟ್ ಓದುವವರು, ಡಿಗ್ರಿ ಕಾಲೇಜಿನವರು, ಗುತ್ತಿಗೆದಾರರು ಕಳಿಸುವ ಅಸ್ಸಾಂ, ಬಂಗಾಳ, ಒಡಿಶಾ, ನೇಪಾಳದ ಹುಡುಗರು. ಬಫೆಯಾದರೆ 25ರಿಂದ 30 ಅತಿಥಿಗಳಿಗೆ ಒಬ್ಬ, ಟೇಬಲಿಗೇ ಬಡಿಸುವುದಾದರೆ 10ರಿಂದ 15 ಮಂದಿಗೆ ಒಬ್ಬ ಬೇಕು. 600 ಜನರ ಬಫೆಗೆ ಏನಿಲ್ಲವೆಂದರೂ 20 ಜನ. ಹಿಂದೆಲ್ಲ ಮನೆಯಂಗಳದ ಮದುವೆಯಲ್ಲಿ ಸುಧಾರಿಕೆಗೆ, ಅಂದರೆ ಬಡಿಸಿ ಉಪಚರಿಸಲು, ನೆರೆಕರೆಯವರೇ ಸೊಂಟಕ್ಕೆ ಬೈರಾಸು ಕಟ್ಟಿ ನಿಲ್ಲುತ್ತಿದ್ದರು. ಈಗ ಆ ಕೆಲಸವನ್ನು ದಿನಗೂಲಿಯ ಹುಡುಗರಿಗೆ ಒಪ್ಪಿಸಿದ್ದೇವೆ. ಸಂಬಂಧ ದುಡ್ಡಿನದ್ದು. ಹಾಗಿರುವಾಗ ದುಡ್ಡಿನ ವ್ಯವಹಾರವಾದರೂ ಚೊಕ್ಕವಾಗಿರಬೇಕು, ಅಲ್ವಾ?

ಅದೇ ಇರುವುದಿಲ್ಲ. ಗುತ್ತಿಗೆದಾರ ಹದಿನೈದು ದಿನಕ್ಕೊಮ್ಮೆ ಲೆಕ್ಕ ಮಾಡುತ್ತಾನೆ, ಹೋಟೆಲಿನಿಂದ ಅವನಿಗೆ ಬಿಲ್ ಪಾಸಾಗಲು ತಿಂಗಳು ಹಿಡಿಯುತ್ತದೆ. ಪಕ್ಕದ ಕ್ಯಾಟರರ್ ಅದೇ ರಾತ್ರಿ ಮೊಬೈಲಿಗೆ ದುಡ್ಡು ಹಾಕುತ್ತಾನೆ. ಹುಡುಗ ಎಲ್ಲಿಗೆ ಹೋಗುತ್ತಾನೆ ಎಂದು ಕೇಳಬೇಕಾಗಿಲ್ಲ. ಕ್ಯಾಶುವಲ್‌ಗಳ ದುಡ್ಡು ಅವರು ಯೂನಿಫಾರ್ಮ್ ಬಿಚ್ಚಿ ಕೊಡುವ ಮುಂಚೆ ಅವರ ಖಾತೆಗೆ ಹೋಗಬೇಕು. ಇದಕ್ಕೆ ಅಕೌಂಟ್ಸ್ ವಿಭಾಗದವರ ಜೊತೆ ಜಗಳವಾಡಬೇಕಾದರೆ ಆಡಿ. ಹುಡುಗರ ಹಿಂದೆ ಫೋನ್ ಹಿಡಿದು ಓಡುವುದಕ್ಕಿಂತ ಅದು ಸುಲಭ.

ಮನೆಗೆ ಹೋಗುವ ದಾರಿಯ ಕಥೆ ಇನ್ನೂ ಕಷ್ಟದ್ದು. ಮಂಗಳೂರಿನಲ್ಲಿ ರಾತ್ರಿ ಹತ್ತರ ಮೇಲೆ ಸಿಟಿ ಬಸ್ ನಂಬಿಕೊಂಡು ಕೂರುವ ಹಾಗಿಲ್ಲ. ರಿಸೆಪ್ಷನ್ ಊಟ ಮುಗಿಯುವುದು ಹತ್ತೂವರೆಗೆ, ಹಾಲ್ ಎತ್ತಿ ಮುಗಿಯುವಾಗ ಹನ್ನೆರಡು. ದೂರದ ಮುಡಿಪಿನ ಹುಡುಗ, ಸುರತ್ಕಲ್‌ನ ಹುಡುಗ ಆಗ ಏನು ಮಾಡಬೇಕು? ರಿಕ್ಷಾಕ್ಕೆ ಕೊಟ್ಟರೆ ದಿನದ ದುಡಿಮೆಯಲ್ಲಿ ದೊಡ್ಡ ಪಾಲು ಅಲ್ಲಿಗೇ ಹೋಯಿತು. ಒಂಬತ್ತೂವರೆಗೇ ಮೆಲ್ಲ ಹಿಂಬಾಗಿಲಿನಿಂದ ಜಾರಿಕೊಳ್ಳುವವರು ಹೆಚ್ಚಾಗಿ ಇವರೇ. ನಾವು ಅದನ್ನು ಕಳ್ಳಾಟ ಎನ್ನುತ್ತೇವೆ, ಅವನಿಗೆ ಅದು ಕೊನೆಯ ಬಸ್ಸು. ಎರಡು ಟೆಂಪೋ ಟ್ರಾವೆಲರ್ ಹನ್ನೆರಡೂಕಾಲಿಗೆ ಹೊರಡುತ್ತವೆ, ಒಂದು ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ ಎಂದು ಮೊದಲೇ ಹೇಳಿ ನೋಡಿ. ಕೊನೆಯ ಟೇಬಲ್ ಎತ್ತುವವರೆಗೂ ಜನ ಇರುತ್ತಾರೆ. ಹುಡುಗಿಯರನ್ನು ಕೆಲಸಕ್ಕೆ ಕರೆಯುವುದಾದರೆ ಈ ಏರ್ಪಾಡು ಇಲ್ಲದೆ ಕರೆಯಲೇಬಾರದು.

ಊಟದ ವಿಷಯ ನನಗೆ ಬಹಳ ಬೇಸರ ತರುವಂಥದ್ದು. ಸಾವಿರ ಜನರಿಗೆ ಊಟ ಹಾಕುವ ಜಾಗದಲ್ಲಿ ಬಡಿಸುವವರು ಹಸಿದಿರುತ್ತಾರೆ. ಬೆಳಿಗ್ಗೆ ಆರಕ್ಕೆ ಬಂದು ತಿಂಡಿ ಬಡಿಸಿ, ಕುರ್ಚಿ ತಿರುಗಿಸಿ, ಮಧ್ಯಾಹ್ನದ ಊಟ ಬಡಿಸಿ, ಅವರ ಊಟಕ್ಕೆ ಹೊತ್ತಾಗುವುದು ನಾಲ್ಕಕ್ಕೆ. ಅಷ್ಟರಲ್ಲಿ ಉಳಿದದ್ದು ತಣ್ಣಗಿನ ಫ್ರೈಡ್ ರೈಸ್, ಮೂಳೆ ಮಾತ್ರ ಇರುವ ಸುಕ್ಕ. ಹಸಿದವನ ಎದುರು ಘೀ ರೋಸ್ಟ್ ಇಟ್ಟು "ಕೈ ಹಾಕಬೇಡ" ಎಂದರೆ ಅವನು ಪ್ಯಾಂಟ್ರಿಯ ಮೂಲೆಯಲ್ಲಿ ಎರಡು ತುಂಡು ಬಾಯಿಗೆ ಹಾಕಿಯೇ ಹಾಕುತ್ತಾನೆ. ಸಿಸಿಟಿವಿ ಹಾಕಿ ಇದನ್ನು ಹಿಡಿಯಬಹುದು, ನಿಲ್ಲಿಸಲಾಗದು. ಬೆಳಿಗ್ಗೆ ಹತ್ತೂವರೆಗೆ ಬಿಸಿ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಒಂದು ಪಲ್ಯ ಹಾಕಿ ಕೂರಿಸಿ ಬಡಿಸಿದರೆ ನಿಲ್ಲುತ್ತದೆ. ಸರದಿಯಲ್ಲಿ ಹದಿನೈದು ಹದಿನೈದು ನಿಮಿಷ ಸಾಕು. ಆ ಊಟದ ಜೊತೆಗೇ ಬ್ರೀಫಿಂಗ್ ಮಾಡಿಬಿಡಬಹುದು. ಹೊಟ್ಟೆ ತುಂಬಿದವ ಹೇಳಿದ್ದನ್ನು ಕೇಳಿಸಿಕೊಳ್ಳುತ್ತಾನೆ.

ಬ್ರೀಫಿಂಗ್ ಎಂದರೆ "ನಗುನಗುತ್ತಾ ಬಡಿಸಿ" ಎಂಬ ಭಾಷಣ ಅಲ್ಲ. ಇವತ್ತಿನ ಮೆನು ಏನು, ಯಾರು ಎಲ್ಲಿ, ಯಾವ ಪಾತ್ರೆಗೆ ಯಾವ ಸೌಟು. ಸೌಟಿನ ವಿಷಯ ಸಣ್ಣದಲ್ಲ. ನಮ್ಮ ಒಂದೇ ಹಾಲಿನಲ್ಲಿ ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟದವರು, ಹಂದಿ ಮಾಂಸ ಇಷ್ಟಪಡುವವರು, ಹಲಾಲ್ ಅಲ್ಲದೆ ಬೇರೆ ಉಣ್ಣದವರು ಎಲ್ಲರೂ ಇರುತ್ತಾರೆ. ಕೋರಿ (ಕೋಳಿ) ಸುಕ್ಕದ ಸೌಟು ಅವಸರದಲ್ಲಿ ಗುಜ್ಜೆ (ಎಳೆ ಹಲಸಿನ) ಪಲ್ಯಕ್ಕೆ ಬಿದ್ದರೆ ಆ ಪಾತ್ರೆ ಅಲ್ಲಿಗೇ ವಾಪಸ್ ಹೋಗಬೇಕು, ಒರೆಸಿ ಇಡುವುದಲ್ಲ. ಸಸ್ಯಾಹಾರದ ಸೌಟಿನ ಹಿಡಿಗೆ ಹಸಿರು ಟೇಪ್ ಸುತ್ತಿ, ಕೌಂಟರನ್ನೇ ಬೇರೆ ಗೋಡೆಯ ಬದಿಗೆ ಹಾಕಿದರೆ ಹೊಸ ಹುಡುಗನೂ ತಪ್ಪುವುದಿಲ್ಲ. ಬಿಸಿ ಪದಾರ್ಥ 60 ಡಿಗ್ರಿಗಿಂತ ಕೆಳಗೆ ಇಳಿಯಬಾರದು ಎಂಬುದನ್ನೂ ಹಾಗೆಯೇ ಬಾಯಲ್ಲಿ ಹೇಳಿದರೆ ಸಾಲದು. ಥರ್ಮಾಮೀಟರ್ ಅವನ ಕೈಗೇ ಕೊಟ್ಟು ಒಮ್ಮೆ ನೋಡಲು ಹೇಳಿ. ಆಮೇಲೆ ಊಟ ಬಿಸಿಯಾಗಿಡುವ ಚೇಫಿಂಗ್ ಡಿಶ್‌ನ ಬೆಂಕಿ ಆರಿದ್ದು ಅವನ ಕಣ್ಣಿಗೇ ಮೊದಲು ಬೀಳುತ್ತದೆ.

ನೀರುದೋಸೆ ಕೌಂಟರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅಲ್ಲಿ ಸಾಲು ನಿಂತಾಗ ಬೈಗುಳ ತಿನ್ನುವವ ದೋಸೆ ಹುಯ್ಯುವ ಹುಡುಗ. ಲೆಕ್ಕ ಮಾಡಿ ನೋಡಿ. ಒಂದು ಕಾವಲಿಯಲ್ಲಿ ಒಂದು ದೋಸೆಗೆ ಒಂದರಿಂದ ಒಂದೂವರೆ ನಿಮಿಷ. ಗಂಟೆಗೆ 40ರಿಂದ 60 ದೋಸೆ. ತಲೆಗೆ ಮೂರರಂತೆ ಹೋದರೆ ಒಂದು ಕಾವಲಿ ಗಂಟೆಗೆ ಹೆಚ್ಚೆಂದರೆ 20 ಜನರಿಗೆ ಮುಟ್ಟುತ್ತದೆ. 500 ಜನರಿಗೆ ಎರಡು ಕಾವಲಿ ಇಟ್ಟು "ಲೈವ್ ಕೌಂಟರ್" ಎಂದು ಮೆನುವಿನಲ್ಲಿ ಬರೆದುಕೊಟ್ಟವರು ಸೇಲ್ಸ್‌ನವರು. ದೋಸೆ ಬಹುಪಾಲು ಒಳಗೇ ಆಗಬೇಕು. ಮಡಿಸಿ, ಬಾಳೆಎಲೆ ಹಾಸಿದ ಹಾಟ್‌ಬಾಕ್ಸಿನಲ್ಲಿ ಸ್ವಲ್ಪ ಸ್ವಲ್ಪವೇ ಹೊರಗೆ ಬರಬೇಕು, ಎದುರಿನ ಕಾವಲಿ ಅದಕ್ಕೆ ಜೊತೆಯಾಗಬೇಕು. ಎಷ್ಟೋ ಸಲ ಸಿಬ್ಬಂದಿ ಸೋಮಾರಿ ಎಂದು ನಾವು ಬೈಯುವ ಜಾಗದಲ್ಲಿ ತಪ್ಪಿರುವುದು ಇಂಥ ಕೂಡಿಸಿ ಕಳೆಯುವ ಲೆಕ್ಕದಲ್ಲಿ.

ಚಮಚಗಳದ್ದೂ ಹಾಗೆಯೇ. ಪ್ರತಿ ಸೀಸನ್ ಮುಗಿದಾಗ ಟೀ ಚಮಚ, ಡೆಸರ್ಟ್ ಚಮಚ ರಾಶಿಗಟ್ಟಲೆ ಕಾಣೆಯಾಗಿರುತ್ತವೆ, ಅನುಮಾನ ಹುಡುಗರ ಚೀಲದ ಮೇಲೆ. ಕಳ್ಳತನಕ್ಕಿಂತ ಜಾಸ್ತಿ ಚಮಚ ಹೋಗುವುದು ಎಂಜಲಿನ ಡ್ರಮ್ಮಿಗೆ. ಪ್ಲೇಟು ಬೋರಲು ಹಾಕಿ ತಟ್ಟುವಾಗ ಟಿಶ್ಯೂ ಪೇಪರಿನ ಒಳಗೆ ಸುತ್ತಿಕೊಂಡು ಬೀಳುತ್ತವೆ. ಡ್ರಮ್ಮಿನ ಬಾಯಿಗೆ ಅಯಸ್ಕಾಂತದ ಮುಚ್ಚಳ ಇಡುವವರಿದ್ದಾರೆ, ಆದರೆ ಒಳ್ಳೆಯ 18/8, 18/10 ಸ್ಟೀಲಿನ ಚಮಚ ಅಯಸ್ಕಾಂತಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ಎಂಜಲು ತೆಗೆಯುವ ಮೊದಲೇ ಚಮಚ ಬೇರೆ ಟಬ್ಬಿಗೆ ಹೋಗಬೇಕು, ಅದಕ್ಕೆಂದೇ ಒಬ್ಬರು ನಿಲ್ಲಬೇಕು. ಪಾತ್ರೆ ತೊಳೆಯುವ ಅಕ್ಕಂದಿರಿಗೆ ಇದು ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು. ಅವರನ್ನು ಯಾರೂ ಬ್ರೀಫಿಂಗಿಗೆ ಕರೆಯುವುದಿಲ್ಲ, ಅಷ್ಟೆ. ಯಾರ ಚೀಲ ತಪಾಸಣೆಗೂ ಮುಂಚೆ ಡ್ರಮ್ ತಪಾಸಣೆ ಆಗಲಿ. ಕಳ್ಳ ಎನ್ನಿಸಿಕೊಂಡ ಹುಡುಗ ಮತ್ತೆ ನಿಮ್ಮ ಹೋಟೆಲಿನ ಗೇಟಿನೊಳಗೆ ಕಾಲಿಡುವುದಿಲ್ಲ, ಅವನ ರೂಮಿನಲ್ಲಿರುವ ಉಳಿದ ಐದು ಜನರೂ ಬರುವುದಿಲ್ಲ.

ಮದುವೆ ಮನೆಯವರ ಬಗ್ಗೆಯೂ ಹೇಳಬೇಕು. ಗ್ಯಾರಂಟಿ ಕೊಟ್ಟದ್ದು 400 ಪ್ಲೇಟಿಗೆ, ಬಂದದ್ದು 550. ಅದೂ ಒಂದೂವರೆ ಗಂಟೆಯ ಹೊತ್ತಿಗೆ ಒಟ್ಟಿಗೇ. ಅನ್ನ ತಡವಾಯಿತು ಎಂದು ಹುಡುಗಿಯ ಮಾವ ಕೂಗಾಡುವುದು ಕಣ್ಣೆದುರು ಸಿಕ್ಕಿದ ಹತ್ತೊಂಬತ್ತರ ಹುಡುಗನ ಮೇಲೆ. ಅಂಥ ಹೊತ್ತಿನಲ್ಲಿ ಮ್ಯಾನೇಜರ್ ಆದವನು ಹುಡುಗನ ಮುಂದೆ ಬಂದು ನಿಲ್ಲಬೇಕು, ಹಿಂದೆ ಅಲ್ಲ. "ನನ್ನ ಹತ್ತಿರ ಹೇಳಿ, ಮಾವ" ಎಂದರೆ ಸಾಕು. ಅತಿಥಿಯ ಎದುರೇ ಹುಡುಗನನ್ನು ಬೈದು ಅತಿಥಿಯನ್ನು ಸಮಾಧಾನ ಮಾಡುವ ಚಾಳಿ ನಮ್ಮ ಕಸುಬಿನಲ್ಲಿ ಬೇರು ಬಿಟ್ಟಿದೆ. ಅದರಿಂದ ಅತಿಥಿಗೂ ಅನ್ನ ಬೇಗ ಬರುವುದಿಲ್ಲ. ಪ್ಲೇಟಿನ ಲೆಕ್ಕ ರಾತ್ರಿ ಜಗಳವಾಗದಂತೆ ಐವತ್ತೈವತ್ತರ ಅಟ್ಟಿ ಮಾಡಿ, ಮನೆಯವರ ಕಡೆಯ ಒಬ್ಬರ ಎದುರೇ ಎಣಿಸಿ ಸಹಿ ಹಾಕಿಸಿಕೊಳ್ಳಿ. ಮೆನು ಬದಲಾವಣೆ ಹಿಂದಿನ ದಿನ ಸಂಜೆ ಆರಕ್ಕೆ ಮುಗಿಯಬೇಕು. ವಾಟ್ಸಾಪಿನಲ್ಲಿ ರಾತ್ರಿ ಹನ್ನೊಂದಕ್ಕೆ ಬಂದ "ಪಾಯಸ ಚೇಂಜ್" ಅಡುಗೆಮನೆಗೆ ಮುಟ್ಟದಿದ್ದರೆ ಮರುದಿನ ಮಾತು ಕೇಳುವವ ಪಾಯಸ ಬಡಿಸುವವ.

ಕೆಲಸದ ಗಂಟೆಗಳ ವಿಷಯದಲ್ಲಿ ನಮ್ಮವರು ಕಿವುಡರಾಗುತ್ತಾರೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ಹೇಳುತ್ತದೆ, ಹೆಚ್ಚಿನ ದುಡಿಮೆಗೆ ಎರಡು ಪಟ್ಟು ಕೂಲಿ ಎನ್ನುತ್ತದೆ. ಬೆಳಿಗ್ಗೆ ಆರಕ್ಕೆ ಬಂದವನನ್ನೇ ರಾತ್ರಿಯ ರಿಸೆಪ್ಷನಿಗೂ ನಿಲ್ಲಿಸಿಕೊಂಡರೆ ಹದಿನೆಂಟು ಗಂಟೆ ಆಯಿತು. ಸಂಜೆ ಏಳರ ಹೊತ್ತಿಗೆ ಅವನ ಕೈಯಿಂದ ಟ್ರೇ ಜಾರಿದರೆ ಅದು ಅಜಾಗರೂಕತೆ ಅಲ್ಲ, ಆಯಾಸ. ಎರಡು ಪಾಳಿ ಮಾಡಿದರೆ ಖರ್ಚು ಹೆಚ್ಚು ಎನ್ನುವವರು ಒಡೆದ ಪಿಂಗಾಣಿಯ ಬಿಲ್ಲನ್ನೂ ಪಕ್ಕದಲ್ಲಿ ಇಟ್ಟುಕೊಂಡು ನೋಡಲಿ. ಏಪ್ರಿಲ್ ಸೆಕೆಯಲ್ಲಿ ಪಾಲಿಯೆಸ್ಟರ್ ವೇಸ್ಟ್‌ಕೋಟ್ ಹಾಕಿಸುವುದನ್ನೂ ಬಿಡಬೇಕು. ನಮ್ಮ ಕಡಲ ಬದಿಯ ಹವೆಗೆ ಹತ್ತಿಯ ಅರ್ಧ ತೋಳಿನ ಶರ್ಟ್ ಚೆಂದವೇ ಕಾಣುತ್ತದೆ.

ಟಿಪ್ಸ್ ಇನ್ನೊಂದು ಹುಣ್ಣು. ಸರ್ವಿಸ್ ಚಾರ್ಜನ್ನು ಬಿಲ್ಲಿನಲ್ಲಿ ತಾನಾಗಿ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಮಾರ್ಗಸೂಚಿ ತಂದಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಾಗಾಗಿ ಮನೆಯವರು ಖುಷಿಯಿಂದ ಕೊಡುವ ಲಕೋಟೆಯ ಬೆಲೆ ಹೆಚ್ಚಿದೆ. ಅದು ಬಡಿಸುವವರ ಮೇಲ್ವಿಚಾರಕನಾದ ಕ್ಯಾಪ್ಟನ್ ಕಿಸೆಗೆ ಹೋಗಿ, ಅಲ್ಲಿಂದ ಎಷ್ಟು ಹೊರಬರುತ್ತದೆ ಎಂಬುದು ಹುಡುಗರಿಗೆ ತಿಳಿಯುವುದಿಲ್ಲ. ಲಕೋಟೆ ಎಲ್ಲರ ಎದುರು ಒಡೆಯಲಿ, ಅಲ್ಲೇ ಹಂಚಲಿ, ಪಾತ್ರೆ ತೊಳೆದವರಿಗೂ ಪಾಲು ಸಿಗಲಿ. ಹಂಚಿಕೆ ಕಂಡರೆ ಕಡಿಮೆ ಬಂದ ದಿನವೂ ಗೊಣಗಾಟ ಇರುವುದಿಲ್ಲ.

ರಜೆಯ ಬಗ್ಗೆ ದೂರುವವರಿಗೆ ನನ್ನದು ಬೇರೆಯೇ ಸಲಹೆ. ಊರಿನ ಹುಡುಗ ತನ್ನ ಕುಟುಂಬದ ದೈವದ ಕೋಲ, ನೇಮ, ಊರ ಜಾತ್ರೆಗೆ ಹೋಗಿಯೇ ಹೋಗುತ್ತಾನೆ. ರಜೆ ಇಲ್ಲ ಎಂದರೆ ಅಜ್ಜಿಗೆ ಹುಷಾರಿಲ್ಲ ಎನ್ನುತ್ತಾನೆ. ಕೋಲದ ದಿನ ಮನೆಯವರಿಗೆ ಮುಂಚೆಯೇ ಗೊತ್ತಿರುತ್ತದೆ. ನವೆಂಬರಿನಲ್ಲೇ ಎಲ್ಲರಿಂದ ದಿನಾಂಕ ಬರೆಸಿಕೊಂಡು ಬುಕಿಂಗ್ ಪಟ್ಟಿಯ ಪಕ್ಕ ಅಂಟಿಸಿ. ಅವನು ಆ ಒಂದು ದಿನ ಹೋಗಿ ಬರುತ್ತಾನೆ, ಉಳಿದ ದಿನ ಸುಮ್ನೆ ತಪ್ಪಿಸುವುದಿಲ್ಲ. ಅಸ್ಸಾಂ ಹುಡುಗನಿಗೆ ಬಿಹು, ನೇಪಾಳದವನಿಗೆ ದಶೈಂ. ಏಪ್ರಿಲ್ ಬಿಹುವಿಗೆ ಊರಿಗೆ ಹೋಗುವವ ಸೀಸನ್ ನಡುವೆ ಇರುವುದಿಲ್ಲ ಎಂದು ಈಗಲೇ ಗೊತ್ತಾದರೆ ಬೇರೆ ಜನ ನೋಡಬಹುದು. ಹೊರಗಿನ ಹುಡುಗರಿಗೆ ಬಡಿಸಲು ಬೇಕಾಗುವಷ್ಟು ತುಳು, ಕೊಂಕಣಿ ಮಾತನ್ನೂ ಕಲಿಸಿಬಿಡಿ. ಬಿಸಿನೀರು ಕೇಳಿದ ಅಜ್ಜಿಗೆ ಅವನು ಐಸ್‌ನೀರು ತಂದುಕೊಡುವುದು ತಪ್ಪುತ್ತದೆ.

ಇನ್ನು ಆಟಿ. ಹಾಲ್ ಖಾಲಿ, ಆದ್ದರಿಂದ ಹೋಟೆಲುಗಳು ಕಾಯಂ ಜನರನ್ನೂ ಬಿಟ್ಟುಬಿಡುತ್ತವೆ. ಹೀಗೆ ಹೊರಬಿದ್ದ ಒಳ್ಳೆಯ ಕ್ಯಾಪ್ಟನ್ ಮಳೆಗಾಲ ಮುಗಿಯುವುದರೊಳಗೆ ಬೆಂಗಳೂರಿನಲ್ಲೋ, ದುಬೈಯಲ್ಲೋ, ಕ್ರೂಸ್ ಹಡಗಿನಲ್ಲೋ ಇರುತ್ತಾನೆ. ನವೆಂಬರಿನಲ್ಲಿ ನಾವು ಮತ್ತೆ ಅ ಆ ಇ ಈಯಿಂದ ಶುರು. ಆ ತಿಂಗಳು ಅವನಿಗೆ ಸಂಬಳ ಕೊಟ್ಟು ಇಟ್ಟುಕೊಳ್ಳುವುದು ದಂಡ ಅಲ್ಲ. ಬಾಕಿ ವಾರದ ರಜೆಗಳನ್ನು ಆಗ ತೆಗೆದುಕೊಳ್ಳಲಿ. ಉಳಿದ ದಿನ ಚಮಚ, ಪ್ಲೇಟು, ಲಿನನ್ ಎಣಿಕೆ, ಕುರ್ಚಿ ರಿಪೇರಿ. ಊರಿನ ಸಂಘಗಳು ಮಾಡುವ "ಆಟಿಡೊಂಜಿ ದಿನ" (ಆಟಿಯಲ್ಲೊಂದು ದಿನ) ಕಾರ್ಯಕ್ರಮಕ್ಕೆ ಹಾಲ್ ಕೊಟ್ಟು, ಪತ್ರೊಡೆ, ತಿಮರೆ ಚಟ್ನಿ, ಕಣಿಲೆ ಪಲ್ಯದ ಊಟ ಇಟ್ಟರೆ ಸ್ವಲ್ಪ ವ್ಯಾಪಾರವೂ ಆಗುತ್ತದೆ, ಹೊಸ ಹುಡುಗರಿಗೆ ಅವಸರವಿಲ್ಲದೆ ಬಡಿಸಿ ಕಲಿಯಲು ಜಾಗವೂ ಸಿಗುತ್ತದೆ. ಮುಂದಿನ ಸೀಸನ್‌ನ ಜನ ಯಾರು ಎಂಬುದು ಆ ತಿಂಗಳಲ್ಲೇ ತೀರ್ಮಾನವಾಗಬೇಕು, ಮೊದಲ ಮದುವೆಯ ಹಿಂದಿನ ರಾತ್ರಿ ಗುತ್ತಿಗೆದಾರನಿಗೆ ಫೋನ್ ಮಾಡಿ ಅಲ್ಲ.